ಇಂದಿನ ಧಮ್ಮ ಚಿಂತನ: ಪಮಾದದಲ್ಲಿ ಬಿದ್ದವನನ್ನು ಕಾಯುವವರು ಯಾರು?

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದ ಬೈಠಕ್ ಮುಗಿದ ಮೇಲೆ ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಬೆಳ್ತಂಗಡಿ ಕಡೆಯಿಂದ ಬರುವ ಅಕ್ಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಪಂಚಶೀಲ ಹೇಳುವಾಗ ಐದನೆಯದು ಬಂದ ಕೂಡಲೇ ನನಗೆ ಸ್ವರವೇ ಏಳುವುದಿಲ್ಲ ಮಾರಾಯ್ರೇ. ಮನೆಯಲ್ಲಿ ಇವರು ಕುಡಿದು ಮಲಗಿದ್ದಾರೆ. ನಾನು ಇಲ್ಲಿ ಶೀಲ ತೆಗೆದುಕೊಂಡರೆ ಅದು ಸುಳ್ಳಾಗುವುದಿಲ್ಲವಾ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ಅವರಿಗೆ ಮೂಡುಬಿದಿರೆ ಬಸ್ ಹಿಡಿದು ವೇಣೂರು ದಾರಿಯಾಗಿ ಹೋಗಬೇಕಿತ್ತು, ಹೋದರು. ಇಂದಿನ ಚಿಂತನ ಅವರಿಗೆ. ಅವರೊಬ್ಬರಿಗೇ ಅಲ್ಲ. ಇದೇ ಪ್ರಶ್ನೆಯನ್ನು ಕೇಳದೆ ನುಂಗಿಕೊಂಡವರು ಬಂಟ್ವಾಳದಲ್ಲಿ ಎಷ್ಟು ಮಂದಿ, ಮೂಡುಬಿದಿರೆಯಲ್ಲಿ ಎಷ್ಟು ಮಂದಿ ಎಂದು ನಮಗೆಲ್ಲ ಗೊತ್ತಿದೆ. ಗೊತ್ತಿದ್ದೂ ಮಾತಾಡುವುದಿಲ್ಲ. "ಬೌದ್ಧರ ಮನೆಯಲ್ಲಿ ಕುಡಿತವಾ?" ಎಂದು ಊರು ಕೇಳೀತು ಎಂಬ ಹೆದರಿಕೆ.

*ನನ್ನ ಮನೆಯ ಕಥೆ*

ನನ್ನ ಅಣ್ಣ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಿದ್ದ. ನಾನು ಕಾಲೇಜು ಓದಿದ್ದು ಅವನ ಕೂಲಿಯಲ್ಲಿ. ಮೈ ನೋವಿಗೆ ಎಂದು ಶುರುವಾದ ಕುಡಿತ ದಿನದ ಅಭ್ಯಾಸವಾಯಿತು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ಪ್ಯಾಕೆಟ್ ಹೋಗಿ ಬಾಟಲಿ ಬಂತು, ಅಷ್ಟೇ.

ನಾನು ಕೆಲಸಕ್ಕೆ ಸೇರಿದೆ, ಬಾಬಾಸಾಹೇಬರನ್ನು ಓದಿದೆ, ದೀಕ್ಷೆ ತೆಗೆದುಕೊಂಡೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಮನೆಯ ಚಾವಡಿಯಲ್ಲಿ ತೂಗುಹಾಕಿದೆ. ಅಣ್ಣ ಕುಡಿದು ಬಂದ ರಾತ್ರಿ ಅವನ ಹೆಗಲು ಹಿಡಿದು ಆ ಗೋಡೆಯ ಎದುರು ನಿಲ್ಲಿಸಿ, "ಹದಿನೇಳನೆಯದು ಓದು" ಎನ್ನುತ್ತಿದ್ದೆ. ಅವನಿಗೆ ಓದಲು ಅಷ್ಟು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಅವನ ಇಬ್ಬರು ಮಕ್ಕಳು ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದರು.

ಬಂಧುಗಳೇ, ಶೀಲ ಎಂಬುದು ನಾವು ಹಿಡಿದು ನಡೆಯುವ ಊರುಗೋಲು. ನಾನು ಅದನ್ನು ಅಣ್ಣನಿಗೆ ಹೊಡೆಯುವ ಕೋಲು ಮಾಡಿಕೊಂಡೆ. ಅವನು ಬೈಠಕ್‌ಗೆ ಬರುವುದನ್ನು ಬಿಟ್ಟ, ಆಮೇಲೆ ನನ್ನ ಮುಖ ನೋಡುವುದನ್ನೂ ಬಿಟ್ಟ. ಕುಡಿತ ಮಾತ್ರ ಬಿಡಲಿಲ್ಲ.

*ಭಗವಾನರು ಸಿಗಾಲನಿಗೆ ಹೇಳಿದ್ದು*

ದೀಘನಿಕಾಯದ ಸಿಗಾಲೋವಾದ ಸುತ್ತವನ್ನು ನಾವು ಈ ವರ್ಷ ಎರಡು ಸಲ ಓದಿದ್ದೇವೆ. ರಾಜಗೃಹದ ಆ ಯುವಕ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ತಂದೆ ಸಾಯುವಾಗ ಹೇಳಿದ್ದರು, ಅದಕ್ಕೆ. ಬುದ್ಧರು ಅವನನ್ನು ಹೀಯಾಳಿಸಲಿಲ್ಲ. ದಿಕ್ಕುಗಳ ಅರ್ಥವನ್ನೇ ಬದಲಿಸಿದರು. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಎಂದರೆ ಗುರು, ಪಶ್ಚಿಮ ಎಂದರೆ ಹೆಂಡತಿ ಮಕ್ಕಳು, ಉತ್ತರ ಎಂದರೆ ಗೆಳೆಯರು, ಕೆಳಗಿನದು ದುಡಿಯುವವರು, ಮೇಲಿನದು ಶ್ರಮಣರು. ಮನುಷ್ಯ ಒಬ್ಬಂಟಿಯಲ್ಲ, ಆರು ಕಡೆಯಿಂದ ಕಟ್ಟಿಕೊಂಡವನು ಎಂದು ತೋರಿಸಿದರು.

ಅದೇ ಸುತ್ತದಲ್ಲಿ ಕುಡಿತದ ಆರು ಹಾನಿಗಳೂ ಇವೆ: ಹಣ ಹೋಗುವುದು, ಜಗಳ ಹೆಚ್ಚುವುದು, ರೋಗ ಬರುವುದು, ಹೆಸರು ಕೆಡುವುದು, ಮಾನ ಬಿಡುವುದು, ಬುದ್ಧಿ ಮಂಕಾಗುವುದು. ಇದನ್ನು ನಾನು ಅಣ್ಣನಿಗೆ ನೂರು ಸಲ ಹೇಳಿದ್ದೆ. ಸ್ವಲ್ಪ ಮುಂದೆ ಇರುವುದನ್ನು ಮಾತ್ರ ಹೇಳಿರಲಿಲ್ಲ, ನಾನೇ ಗಮನಿಸಿರಲಿಲ್ಲ. ನಿಜವಾದ ಗೆಳೆಯ ಯಾರು ಎಂದು ಹೇಳುವಾಗ ಬುದ್ಧರು, ಪಮಾದದಲ್ಲಿ ಇರುವವನನ್ನು ಕಾಯುವವನು, ಅವನ ಸೊತ್ತನ್ನು ಕಾಯುವವನು, ಹೆದರಿದಾಗ ಆಸರೆಯಾಗುವವನು ಎನ್ನುತ್ತಾರೆ.

ಪಮಾದ ಎಂದರೆ ಎಚ್ಚರ ತಪ್ಪುವುದು. ಐದನೇ ಶೀಲದಲ್ಲಿ ಮದ್ಯವನ್ನು ಬಿಡಬೇಕು ಎಂದಿರುವುದು ಅದು ಪಮಾದಕ್ಕೆ ಕಾರಣ ಎಂದೇ. ಅದೇ ಮಾತು ಎರಡು ಕಡೆ ಇದೆ. ಒಂದು ಕಡೆ ಪಮಾದಕ್ಕೆ ಬೀಳಬೇಡ ಎಂದು, ಇನ್ನೊಂದು ಕಡೆ ಬಿದ್ದವನನ್ನು ಕಾಯಿ ಎಂದು. ನಾನು ಮೊದಲನೆಯದನ್ನು ಬಾಯಿಪಾಠ ಮಾಡಿದ್ದೆ, ಎರಡನೆಯದನ್ನು ಬಿಟ್ಟಿದ್ದೆ.

*ಚಾಪೆಯ ಮೇಲೆ ಕುಳಿತ ಇಡೀ ಮನೆ*

ಅಣ್ಣನಿಗೆ ಒಂದು ದಿನ ಬಾಯಲ್ಲಿ ರಕ್ತ ಬಂತು. ಆಸ್ಪತ್ರೆಯಿಂದ ವ್ಯಸನ ಚಿಕಿತ್ಸೆಗೆ ಕಳಿಸಿದರು. ಅಲ್ಲಿನ ಆಪ್ತ ಸಮಾಲೋಚಕಿ, "ಇವರೊಬ್ಬರೇ ಬಂದರೆ ಸಾಲದು, ಮನೆಯವರೆಲ್ಲ ಬನ್ನಿ" ಎಂದರು. ನನಗೆ ಸಿಟ್ಟು ಬಂತು. ಕುಡಿಯುವವನು ಅವನು, ನಾವು ಯಾಕೆ?

ಹೋದೆವು. ಅಮ್ಮ, ಅತ್ತಿಗೆ, ನಾನು, ಅಣ್ಣ. ಅವರು ಉಪದೇಶ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಇವರು ಕುಡಿದು ಬಂದ ರಾತ್ರಿ ನಿಮ್ಮಲ್ಲಿ ಒಬ್ಬೊಬ್ಬರೂ ಏನೇನು ಮಾಡುತ್ತೀರಿ?"

ಅಮ್ಮ ಹೇಳಿದರು: "ಅಂಗಡಿಯ ಸಾಲ ನಾನು ತೀರಿಸುತ್ತೇನೆ. ಕೋರೆಯ ಧಣಿಗೆ ಜ್ವರ ಎಂದು ಹೇಳಿ ಕಳಿಸುತ್ತೇನೆ." ಅತ್ತಿಗೆ ಬೀಡಿ ಕಟ್ಟುವವರು. "ಬ್ರಾಂಚಿನಿಂದ ಬಂದ ದುಡ್ಡನ್ನು ಅಕ್ಕಿ ಡಬ್ಬದಲ್ಲಿ ಅಡಗಿಸುತ್ತೇನೆ. ಸಿಕ್ಕಿದರೆ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಎರಡು ದಿನ ನಾನು ಮಾತಾಡುವುದಿಲ್ಲ" ಎಂದರು. ನಾನು ಗೋಡೆಯ ವಿಷಯ ಹೇಳಿದೆ. ಹೇಳುವಾಗಲೇ ನನ್ನ ಸ್ವರ ಇಳಿಯಿತು. ಕೊನೆಗೆ ಅಣ್ಣ, "ಬೆಳಿಗ್ಗೆ ಎದ್ದಾಗ ಯಾರ ಮುಖ ನೋಡಲೂ ನಾಚಿಕೆ. ಆ ನಾಚಿಕೆ ಮರೆಯಲು ಪುನಃ ಹೋಗುತ್ತೇನೆ" ಎಂದ.

ಹದಿನೈದು ವರ್ಷಗಳಲ್ಲಿ ನಾವು ನಾಲ್ವರು ಒಂದೇ ಕಡೆ ಕುಳಿತು ಈ ಮಾತಾಡಿದ್ದು ಅದೇ ಮೊದಲು. ಸಮಾಲೋಚಕಿ ಒಂದು ಮಾತು ಸ್ಪಷ್ಟ ಮಾಡಿದರು. ಅಣ್ಣನ ಕುಡಿತಕ್ಕೆ ನಾವು ಕಾರಣರಲ್ಲ, ಅವನ ಬದಲು ಬಿಡಲು ನಮಗೆ ಆಗುವುದೂ ಇಲ್ಲ. ಆದರೆ ಕುಡಿತದ ಸುತ್ತ ನಾವೆಲ್ಲರೂ ಒಂದು ಸುತ್ತು ಕಟ್ಟಿಕೊಂಡಿದ್ದೇವೆ: ಒಬ್ಬರು ಮುಚ್ಚಿಡುತ್ತಾರೆ, ಒಬ್ಬರು ಮಾತು ಬಿಡುತ್ತಾರೆ, ಒಬ್ಬರು ಅವಮಾನ ಮಾಡುತ್ತಾರೆ, ಅವನು ಕುಡಿಯುತ್ತಾನೆ. ಸುತ್ತಿನಲ್ಲಿ ಒಬ್ಬರು ಬದಲಾದರೂ ಸುತ್ತು ಮೊದಲಿನಂತೆ ತಿರುಗುವುದಿಲ್ಲ. ನನಗೆ ಪಟಿಚ್ಚಸಮುಪ್ಪಾದ ನೆನಪಾಯಿತು. ಇದಿದ್ದರೆ ಅದು ಇರುತ್ತದೆ, ಇದು ನಿಂತರೆ ಅದು ನಿಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಅಂದು ನಮ್ಮ ಮನೆಯಲ್ಲೇ ಕಂಡೆ.

*ಬಾಬಾಸಾಹೇಬರ ಕಠಿಣ ಮಾತು*

ಹಾಗಾದರೆ ಕುಡಿಯುವವನಿಗೆ ಎಲ್ಲವನ್ನೂ ಕ್ಷಮಿಸಬೇಕಾ ಎಂದು ನೀವು ಕೇಳಬಹುದು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನೇ ಉದ್ದೇಶಿಸಿ ಮಾತಾಡಿದರು. ಗಂಡನಾಗಲಿ ಮಗನಾಗಲಿ ಕುಡುಕನಾದರೆ ಅವನಿಗೆ ಊಟ ಹಾಕಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದರು. ತಾವು ಕುಡಿಯದೆ ಬದುಕಿದ ಮನುಷ್ಯ ಅವರು. ಮಾತು ಕಠಿಣ.

ಇದು ಬುದ್ಧರ ಕರುಣೆಗೆ ವಿರುದ್ಧವೇ? ನಾನು ಬಹಳ ದಿನ ಯೋಚಿಸಿದೆ. ವಿರುದ್ಧವಲ್ಲ. ಬಾಬಾಸಾಹೇಬರು ಹೆಂಗಸರ ಕೈಗೆ ಒಂದು ಅಧಿಕಾರ ಕೊಟ್ಟರು: ಕುಡಿತಕ್ಕೆ ನೀವು ಊಳಿಗ ಮಾಡಬೇಕಾಗಿಲ್ಲ. ಅಮ್ಮ ಸಾಲ ತೀರಿಸುವುದನ್ನು ನಿಲ್ಲಿಸಿದ್ದು, ಧಣಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಿದ್ದು ಆ ಮಾತಿನ ಪಾಲನೆ. ಕುಡಿತಕ್ಕೆ ಕಠಿಣವಾಗಿರುವುದು, ಮನುಷ್ಯನಿಗೆ ಮೃದುವಾಗಿರುವುದು, ಎರಡೂ ಒಟ್ಟಿಗೆ ಆಗಬೇಕು. ನಾವು ಉಲ್ಟಾ ಮಾಡುತ್ತಿದ್ದೆವು. ಮನುಷ್ಯನಿಗೆ ಬೈದು, ಕುಡಿತದ ಸಾಲ ಕಟ್ಟುತ್ತಿದ್ದೆವು.

*ದಿನಕ್ಕೊಂದು ಮಾತು*

ಸಮಾಲೋಚನೆಯಲ್ಲಿ ಒಂದು ಒಪ್ಪಂದ ಬರೆದೆವು. ಬೆಳಿಗ್ಗೆ ಚಾ ಕುಡಿಯುವಾಗ ಅಣ್ಣ ಅತ್ತಿಗೆಯ ಹತ್ತಿರ, "ಇವತ್ತು ಕುಡಿಯುವುದಿಲ್ಲ" ಎಂದು ಹೇಳಬೇಕು. ಇವತ್ತಿನ ಮಾತು ಮಾತ್ರ. ಅತ್ತಿಗೆ, "ಹೇಳಿದ್ದಕ್ಕೆ ಸಂತೋಷ" ಎನ್ನಬೇಕು. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವನು ಎಲ್ಲರ ಎದುರೇ ನುಂಗಬೇಕು. ಹಳೆಯದನ್ನು ಕೆದಕುವುದು ಮನೆಯಲ್ಲಿ ಬೇಡ, ಸಮಾಲೋಚನೆಯ ದಿನಕ್ಕೆ ಇಟ್ಟುಕೊಳ್ಳಬೇಕು. ಸಂಜೆ ಆರರಿಂದ ಎಂಟರವರೆಗೆ, ಅಂದರೆ ಅವನು ಬಾರಿಗೆ ಹೋಗುತ್ತಿದ್ದ ಹೊತ್ತಿಗೆ, ನಾನು ಅವನ ಜೊತೆ ಇರಬೇಕು. ಮಕ್ಕಳಿಗೆ, "ಅಪ್ಪನಿಗೆ ಕಾಯಿಲೆ, ಅದು ನಿಮ್ಮ ತಪ್ಪಿನಿಂದ ಬಂದದ್ದಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಕೇಳಿ ದೊಡ್ಡವಳು ಅತ್ತಳು. ತಾನು ಪರೀಕ್ಷೆಯಲ್ಲಿ ಫೇಲಾದ್ದರಿಂದ ಅಪ್ಪ ಕುಡಿಯುತ್ತಾನೆ ಎಂದು ಅವಳು ತಿಳಿದುಕೊಂಡಿದ್ದಳು.

ಐದು ತಿಂಗಳು ಸರಿಯಾಗಿತ್ತು. ಒಂದು ಮದುವೆ ಮನೆಯಲ್ಲಿ ಪುನಃ ಕುಡಿದ. ನನ್ನ ಬಾಯಿಗೆ ಹಳೆಯ ಮಾತುಗಳೆಲ್ಲ ಬಂದವು, ನುಂಗಿದೆ. ಮರುದಿನ ಬೆಳಿಗ್ಗೆ ಅಣ್ಣ ತಾನಾಗಿಯೇ, "ನಿನ್ನೆ ತಪ್ಪಿದೆ. ಇವತ್ತು ಕುಡಿಯುವುದಿಲ್ಲ" ಎಂದ. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದಕ್ಕೆ ಸಂತೋಷ" ಎಂದರು. ಮೊದಲಾಗಿದ್ದರೆ ಒಂದು ದಿನ ತಪ್ಪಿದ್ದು ಒಂದು ವರ್ಷವಾಗುತ್ತಿತ್ತು. ಅಂದು ಅದು ಒಂದು ದಿನದಲ್ಲೇ ನಿಂತಿತು. ಈಗ ಅಣ್ಣ ಪೂರ್ತಿ ಗೆದ್ದಿದ್ದಾನೆ ಎಂದು ನಾನು ಹೇಳುವುದಿಲ್ಲ. ಇವತ್ತು ಬೆಳಿಗ್ಗೆಯೂ ಹೇಳಿದ್ದಾನೆ. ಅಷ್ಟು ಹೇಳಬಲ್ಲೆ.

*ಇದು ನಮ್ಮ ನೆಲಕ್ಕೆ ಹೊಸದಲ್ಲ*

1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೂ ಕುಟುಂಬ ಚಿಕಿತ್ಸೆಗೂ ಪ್ರತ್ಯೇಕ ಕೇಂದ್ರಗಳಿವೆ. ನಮ್ಮ ಬೆಳ್ತಂಗಡಿಯಿಂದಲೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಊರೂರಿಗೆ ಹೋಗಿವೆ. ಅಲ್ಲಿನ ಪೂಜೆ ಭಜನೆ ನಮ್ಮ ದಾರಿಯಲ್ಲ. ಆದರೆ ಶಿಬಿರಕ್ಕೆ ಮನೆಯವರನ್ನೂ ಕರೆಸುವುದು, ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಯಲ್ಲಿ ಒಟ್ಟು ಸೇರಿಸುವುದು ನಾವು ಕಲಿಯಬೇಕಾದ ಕ್ರಮ. ಒಳ್ಳೆಯದು ಎಲ್ಲಿದ್ದರೂ ಪರೀಕ್ಷಿಸಿ ತೆಗೆದುಕೊಳ್ಳಿ ಎಂದೇ ಅಲ್ಲವೇ ಕಾಲಾಮರಿಗೆ ಬುದ್ಧರು ತಿಳಿಸಿದ್ದು?

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯದ ಅವಲಂಬನೆ ಇರುವ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳು ಎಲ್ಲಿವೆ? ನಮ್ಮ ನೆರೆಯಲ್ಲೇ ಇವೆ.

*ಮೂರು ಎಚ್ಚರಿಕೆ*

ಒಂದು: ಹಲವು ವರ್ಷ ದಿನಾ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕೈಯಲ್ಲೇ ಆಗಬೇಕು.

ಎರಡು: ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಸಾರಿಗೆ, ಚಾಕ್ಕೆ ಗುಟ್ಟಾಗಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಪ್ರಾಣ ಹೋಗಬಹುದು. ಗುಟ್ಟಿನಿಂದ ನಂಬಿಕೆಯೂ ಸಾಯುತ್ತದೆ.

ಮೂರು: ಹೊಡೆತ ಇರುವ ಮನೆಯಲ್ಲಿ ಮೊದಲು ಸುರಕ್ಷತೆ, ಆಮೇಲೆ ಸಮಾಲೋಚನೆ. ಪೆಟ್ಟು ತಿಂದು ಸಹಿಸುವುದು ಖಂತಿ ಅಲ್ಲ. ಹೆಣ್ಣುಮಕ್ಕಳಿಗೆ 181 ಇದೆ.

ವ್ಯಸನದ ವಿಷಯಕ್ಕೆ ಉಚಿತ ಸಹಾಯವಾಣಿ 14446. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಕುಡಿಯುವವರೇ ಫೋನ್ ಮಾಡಬೇಕೆಂದಿಲ್ಲ, ಮನೆಯವರು ಮಾಡಬಹುದು. ಅವರು ಇನ್ನೂ ಒಪ್ಪದಿದ್ದರೂ ನೀವು ಹೋಗಿ ಮಾತಾಡಬಹುದು. ಅನೇಕ ಮನೆಗಳಲ್ಲಿ ಮೊದಲ ಹೆಜ್ಜೆ ಹಾಗೆಯೇ ಆಗುತ್ತದೆ.

*ಅಕ್ಕನಿಗೆ ಉತ್ತರ*

ಅಕ್ಕಾ, ನಿಮ್ಮ ಶೀಲ ಸುಳ್ಳಲ್ಲ. ಶೀಲ ತೆಗೆದುಕೊಳ್ಳುವುದು ಅವರವರ ಪರವಾಗಿ. ನೀವು ನಿಮ್ಮದನ್ನು ಗಟ್ಟಿ ಸ್ವರದಲ್ಲೇ ಹೇಳಿ. ಆ ಹೊತ್ತಿಗೆ ನಿಮ್ಮ ಸ್ವರ ಇಳಿಯುವಂತೆ ಮಾಡಿದ್ದು ನಿಮ್ಮ ಯಜಮಾನರ ಕುಡಿತ ಮಾತ್ರವಲ್ಲ, ನಮ್ಮ ಬಳಗವೂ ಹೌದು. ಎದುರಿಗೆ ನಗುತ್ತಾ ಹಿಂದಿನಿಂದ ಆಡಿಕೊಳ್ಳುವವನನ್ನು ಬುದ್ಧರು ಗೆಳೆಯನ ವೇಷದ ಶತ್ರು ಎಂದು ಸಿಗಾಲನಿಗೆ ತಿಳಿಸಿದರು. ಕುಡಿಯಲು ಜೊತೆ ಕೊಡುವವನೂ ಆ ಪಟ್ಟಿಯಲ್ಲಿದ್ದಾನೆ. ಎರಡನೆಯವನನ್ನು ನಾವು ಬೈಯುತ್ತೇವೆ, ಮೊದಲನೆಯವರು ನಾವೇ ಆಗಿದ್ದೇವೆ.

ಮುಂದಿನ ಭಾನುವಾರ ನಿಮಗೆ ಸರಿ ಎನಿಸಿದರೆ ಅವರನ್ನೂ ಕರೆದುಕೊಂಡು ಬನ್ನಿ. ಬರದಿದ್ದರೆ ನಾನೂ ನನ್ನ ಅಣ್ಣನೂ ನಿಮ್ಮ ಮನೆಗೆ ಬರುತ್ತೇವೆ. ಅಣ್ಣನೇ ಹಾಗೆಂದ. ಗೋಡೆಯ ಮುಂದೆ ಯಾರನ್ನೂ ನಿಲ್ಲಿಸುವುದಿಲ್ಲ. ಸುಮ್ಮನೆ ಕುಳಿತು ಚಾ ಕುಡಿಯುತ್ತೇವೆ.

*ಇಂದಿನ ಮನನ:* ನನ್ನ ಮನೆಯಲ್ಲಿ, ನೆರೆಯಲ್ಲಿ ಪಮಾದಕ್ಕೆ ಬಿದ್ದವರು ಯಾರು? ನಾನು ಅವರನ್ನು ಕಾಯುತ್ತಿದ್ದೇನೆಯೇ, ಅವರ ಕುಡಿತವನ್ನು ಕಾಯುತ್ತಿದ್ದೇನೆಯೇ, ಇಲ್ಲವೇ ನನ್ನ ಮರ್ಯಾದೆಯನ್ನು ಮಾತ್ರ ಕಾಯುತ್ತಿದ್ದೇನೆಯೇ? ಐದು ನಿಮಿಷ ಉಸಿರು ಗಮನಿಸಿ ಕುಳಿತು ಯೋಚಿಸೋಣ. ಆಮೇಲೆ ಒಬ್ಬರಿಗೆ ಫೋನ್ ಮಾಡೋಣ.

ಅಗತ್ಯವಿರುವ ಮನೆಗೆ ಇದನ್ನು ಕಳಿಸಿ. ಹೆಸರು ಹೇಳಿ ಗ್ರೂಪಿನಲ್ಲಿ ಹಾಕಬೇಡಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್