ಆಣೆ ಹಾಕಿ ಬಿಟ್ಟವನು

ಕುಡಿತಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ಕುಡಿತಕ್ಕೆ ಇಲ್ಲದಿರಬಹುದು, ಕುಡುಕ ಅನ್ನುವ ಹೆಸರಿಗೆ ಉಂಟು. ಮಂಗಳೂರಿನ ಹೋಟೆಲಿನ ಎಸಿ ಕೋಣೆಯಲ್ಲಿ ಕುಡಿದವನು ಪಾರ್ಟಿಗೆ ಹೋಗಿ ಬಂದವನು. ಬೆಳ್ತಂಗಡಿ ಸಂತೆಕಟ್ಟೆಯಲ್ಲಿ ಸಂಜೆ ಏಳಕ್ಕೆ ಕಾಲು ತಪ್ಪಿದ ಕೂಲಿಯವನು ಕುಡುಕ. ಅವನಿಗೆ ಕಾರಿಲ್ಲ, ಡ್ರೈವರ್ ಇಲ್ಲ, ಬಾಗಿಲು ಹಾಕಿಕೊಳ್ಳುವ ಮಾಳಿಗೆ ಮನೆ ಇಲ್ಲ. ಕುಡಿದದ್ದು ಎಲ್ಲರಿಗೂ ಕಾಣುತ್ತದೆ, ಅಷ್ಟೇ ಅವನ ಅಪರಾಧ. ನಮ್ಮ ಸಾಹಿತಿಗಳೂ ಇದರಲ್ಲಿ ಕಡಿಮೆಯಿಲ್ಲ. ಮೂರನೇ ಪೆಗ್ಗಿನ ಮೇಲೆಯೇ ಕ್ರಾಂತಿಯ ಮಾತು ತೆಗೆಯುವ ಮಹಾಶಯರನ್ನು ನೋಡಿದ್ದೇನೆ. ಅವರ ಕುಡಿತ ಸಂವೇದನೆ, ನಮ್ಮಪ್ಪಂದಿರ ಕುಡಿತ ಸಾಮಾಜಿಕ ಪಿಡುಗು. ಇರಲಿ.

ನಾನು ಕೇಳಬೇಕೆಂದಿರುವುದು ಬಿಟ್ಟವನ ಕುರಿತು. ದೇವರ ಮುಂದೆ ಆಣೆ ಹಾಕಿ ಒಬ್ಬ ಕುಡಿತ ಬಿಟ್ಟನೆಂದು ಇಟ್ಟುಕೊಳ್ಳಿ. ಅವನು ಬಿಡುಗಡೆ ಆದವನೋ, ಇಲ್ಲಾ ಒಬ್ಬ ಧಣಿಯ ಕೈಯಿಂದ ಇನ್ನೊಬ್ಬ ಧಣಿಯ ಕೈಗೆ ಹೋದವನೋ?

ನೇತ್ರಾವತಿ ದಡದ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ ಎಂಬ ಗಾದೆ ಕೇಳಿಯೇ ನಾವು ಬೆಳೆದದ್ದು. ಸಾಲ ಕೊಟ್ಟವನೂ ತೆಗೆದುಕೊಂಡವನೂ ಜಗಳ ಆಡಿ ಆಡಿ ಕೊನೆಗೆ 'ಧರ್ಮಸ್ಥಳದಲ್ಲಿ ಹೇಳು ನೋಡುವಾ' ಅಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಶುರುವಾಯಿತು. ಅದರ ಜೊತೆಗೆ ಆಮೇಲೆ ಜನಜಾಗೃತಿ ವೇದಿಕೆ ಬಂತು, ವೇದಿಕೆಯಿಂದ ಮದ್ಯವರ್ಜನ ಶಿಬಿರಗಳು ಬಂದವು. ಶಾಲೆಯಲ್ಲೋ ಸಭಾಭವನದಲ್ಲೋ ವಾರದಷ್ಟು ದಿನ ಕುಡುಕರನ್ನು ಕೂರಿಸಿ ಔಷಧಿ, ಯೋಗ, ಭಜನೆ, ಬುದ್ಧಿಮಾತು. ಬಿಟ್ಟವರಿಗೆ ಊರಲ್ಲಿ ನವಜೀವನ ಸಮಿತಿ. ಇಂಥ ಶಿಬಿರಗಳು ಈಗ ಕರ್ನಾಟಕದ ಉದ್ದಕ್ಕೂ ಸಾವಿರದ ಲೆಕ್ಕ ದಾಟಿವೆ. ಉಜಿರೆ ಹತ್ತಿರ ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವೂ ಉಂಟು. ಇದನ್ನೆಲ್ಲ ಗೇಲಿ ಮಾಡಿ ದಾಟಿಹೋಗುವುದು ಸುಲಭ. ಆದರೆ ಗಂಡನಿಂದ ಪೆಟ್ಟು ತಿಂದ ಹೆಂಗಸು, ಆ ಗಂಡ ಬಿಟ್ಟ ಮೇಲೆ ರಾತ್ರಿ ನೆಮ್ಮದಿಯಲ್ಲಿ ನಿದ್ದೆ ಮಾಡಿದ್ದಾಳಲ್ಲ, ಆ ನಿದ್ದೆಯನ್ನು ಗೇಲಿ ಮಾಡುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ.

ಹಾಗಂತ ಪ್ರಶ್ನೆ ಬಿಡಲಾಗುವುದಿಲ್ಲ. ಬಂಡಾಯದ ನಾಲ್ಕಕ್ಷರ ಓದಿದವನ ನಾಲಗೆ ತುದಿಯಲ್ಲಿ ಉತ್ತರ ರೆಡಿ ಇರುತ್ತದೆ. ಭಯದಿಂದ ಬಿಟ್ಟದ್ದು ಬಿಟ್ಟದ್ದಲ್ಲ, ಗುಲಾಮಗಿರಿ ಎಂದು. ನಾನೂ ಹಾಗೆ ವಾದ ಮಾಡಬಲ್ಲೆ. ಅದಕ್ಕೆ ಮೊದಲು ಒಂದು ಮೈಯನ್ನು ನೋಡಬೇಕು.

ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ಕೈ ನಡುಗಲು ಶುರು. ಬೆವರು, ವಾಂತಿ, ನಿದ್ದೆ ಇಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಇಲ್ಲದ್ದು ಕಾಣುತ್ತದೆ. ಗೋಡೆ ತುಂಬ ಇರುವೆ, ಚಾಪೆಯಲ್ಲಿ ಹಾವು. ಡಾಕ್ಟರರು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಊರಲ್ಲಿ ಭೂತದ ಉಪದ್ರ ಅನ್ನುತ್ತಾರೆ. ಮದ್ದಿಲ್ಲದೆ ಸತ್ತವರೂ ಉಂಟು. ಸಾರಾಯಿ ಮಿದುಳನ್ನು ಒತ್ತಿ ಹಿಡಿದಿರುತ್ತದೆ. ಆ ಒತ್ತಡದ ಎದುರು ನಿಲ್ಲಲು ಮಿದುಳು ತನ್ನ ಓಟ ಜೋರು ಮಾಡಿಕೊಂಡಿರುತ್ತದೆ. ಒತ್ತಿದ ಕೈ ತೆಗೆದ ಕೂಡಲೇ ಓಟ ಮಾತ್ರ ಉಳಿಯುತ್ತದೆ. ಇಂಥವನಿಗೆ 'ಮನಸ್ಸು ಗಟ್ಟಿ ಮಾಡು ಮಾರಾಯ' ಅನ್ನುವುದು ಮಲೇರಿಯಾದವನಿಗೆ 'ನಡುಗಬೇಡ' ಅಂದ ಹಾಗೆ. ಹೆಂಡತಿಯರ ಕೈಗೆ ಗುಟ್ಟಿನ ಮಾತ್ರೆ ಕೊಟ್ಟು ಸಾರಿನಲ್ಲಿ ಹಾಕಿ ಅನ್ನುವವರೂ ಇದ್ದಾರೆ. ಆ ಮಾತ್ರೆಯ ಮೇಲೆ ಕುಡಿದರೆ ಜೀವಕ್ಕೇ ಅಪಾಯ. ತನ್ನ ಹೊಟ್ಟೆಗೆ ಏನು ಹೋಗುತ್ತದೆಂದು ತಿಳಿಯುವ ಹಕ್ಕು ಕುಡುಕನಿಗೂ ಇಲ್ಲವಾ?

ನಮ್ಮ ಕಾಲನಿಯಲ್ಲಿ ಒಬ್ಬರಿದ್ದಾರೆ. ನನಗೆ ದೊಡ್ಡಪ್ಪ ಆಗಬೇಕು. ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಕೆಲಸ. ಬೆಳಕು ಹರಿಯುವ ಮೊದಲೇ ಏಳಬೇಕು, ಚಳಿಗೆ ಒಂದಿಷ್ಟು, ಮಧ್ಯಾಹ್ನ ಮೈನೋವಿಗೆ ಒಂದಿಷ್ಟು, ರಾತ್ರಿಗೆ ಕಾರಣವೇ ಬೇಡ. ಆಣೆ ಹಾಕಿದರು. ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ತಮ್ಮನ ಬೊಜ್ಜದ ದಿನ ಯಾರೋ ಒತ್ತಾಯ ಮಾಡಿ ಒಂದು ಗ್ಲಾಸು ಕೊಟ್ಟರು. ಒಂದೇ ಗ್ಲಾಸು. ಮರುದಿನ ಅವರ ಮಾತು ಹೀಗಿತ್ತು: "ಇನ್ನೆಂತ ಉಂಟು? ಮಾತು ತಪ್ಪಿತಲ್ಲ. ಇನ್ನು ಅವ ಬಿಡುವುದಿಲ್ಲ. ಸಾಯುವುದೇ ಆದರೆ ಕುಡಿದೇ ಸಾಯುವಾ." ಮೂರು ತಿಂಗಳು ಕುಡಿದರು. ಆ ಒಂದು ಗ್ಲಾಸು ಕಾಯಿಲೆಯದ್ದು, ಒಪ್ಪುತ್ತೇನೆ. ಆಮೇಲಿನ ಮೂರು ತಿಂಗಳು ಯಾರ ಲೆಕ್ಕಕ್ಕೆ? ಆಣೆಯ ಭಯವೇ ಅವರನ್ನು ಬಾಟ್ಲಿಯ ಕಡೆ ನೂಕಿತು. ಈ ಕಾಯಿಲೆಯಲ್ಲಿ ಜಾರುವುದು ಬಹಳ ಮಂದಿಗೆ ಆಗುವಂಥದ್ದು. ಜಾರಿದವನಿಗೆ ವಾಪಸು ಬರುವ ದಾರಿ ಇಟ್ಟುಕೊಳ್ಳದ ಆಣೆ, ಬಲಿಷ್ಠನಿಗೆ ಸರಿ. ನಡುಗುವವನಿಗೆ ಅದು ಉರುಳು.

ಆಣೆಯ ಭಾರವೂ ಎಲ್ಲರಿಗೂ ಒಂದೇ ಅಲ್ಲ ನೋಡಿ. 2011ರ ಜೂನ್ 27ರಂದು ಯಡಿಯೂರಪ್ಪ ಮತ್ತು ಕುಮಾರಸ್ವಾಮಿ ಆಣೆಯ ಸವಾಲು ಹಾಕಿಕೊಂಡು ಇದೇ ಧರ್ಮಸ್ಥಳಕ್ಕೆ ಬಂದರು. ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತಿತ್ತು. ಇಬ್ಬರೂ ಕೈಮುಗಿದು ಆಣೆ ಹಾಕದೆ ವಾಪಸು ಹೋದರು. ಅದರಿಂದ ಯಾರ ಅನ್ನಕ್ಕೂ ಕಲ್ಲು ಬೀಳಲಿಲ್ಲ. ನನ್ನ ದೊಡ್ಡಪ್ಪನಿಗೆ ಆ ಸವಲತ್ತು ಇರಲಿಲ್ಲ.

ಈಗ ದೂರದ ಒಂದು ಊರಿನ ಕತೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಆಕ್ರನ್ ಎಂಬ ಪಟ್ಟಣ. ಟೈರ್ ಫ್ಯಾಕ್ಟರಿಗಳ ಊರು. ನಮ್ಮವರು ರಬ್ಬರ್ ಹಾಲು ಇಳಿಸಿ ಕುಡಿಯುತ್ತಾರೆ, ಅಲ್ಲಿನವರು ಅದೇ ರಬ್ಬರನ್ನು ಟೈರ್ ಮಾಡಿ ಕುಡಿಯುತ್ತಿದ್ದರು! ಅಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ದಲ್ಲಾಳಿಯೂ ಬಾಬ್ ಸ್ಮಿತ್ ಎಂಬ ಸರ್ಜನ್ನೂ, ಇಬ್ಬರೂ ಮಹಾಕುಡುಕರು, ಎದುರುಬದುರು ಕೂತು ತಮ್ಮ ತಮ್ಮ ಕತೆ ಹೇಳಿಕೊಂಡರು. ಕುಡುಕನನ್ನು ಇನ್ನೊಬ್ಬ ಕುಡುಕ ಹಿಡಿದು ನಿಲ್ಲಿಸಬಲ್ಲ ಎಂದು ಗೊತ್ತಾಯಿತು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಆಯಿತು. ಅವರಿಗೂ ದೇವರು ಉಂಟು, ಆದರೆ ಯಾವ ದೇವರೆಂದು ನೀನೇ ನೋಡಿಕೋ ಅನ್ನುತ್ತಾರೆ. ನನಗೆ ಹಿಡಿಸಿದ್ದು ಎರಡು ಸಂಗತಿ. ಒಂದು, ಅಲ್ಲಿ ಪೂರ್ತಿ ಹೆಸರು ಕೇಳುವುದಿಲ್ಲ. ಹೆಸರಿನ ಬಾಲದಲ್ಲಿ ಜಾತಿ ಹುಡುಕುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು, ಜೀವಮಾನ ಇಡೀ ಬಿಡುತ್ತೇನೆ ಎಂದು ಹೇಳಿಸುವುದಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ. ನಾಳೆಯದ್ದು ನಾಳೆ. ದಿನಗೂಲಿಯವನಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ, ಅವನ ಅಕ್ಕಿ, ಅವನ ಮೀನು, ಅವನ ಸಾಲ ಎಲ್ಲ ಆ ಲೆಕ್ಕದಲ್ಲೇ ನಡೆಯುವುದು. ಜೀವಮಾನದ ಲೆಕ್ಕ ಭೂಮಿ ಇದ್ದವರದ್ದು.

ಹಾಗಾದರೆ ಆಣೆಯೇ ಬೇಡವೋ? ಇಲ್ಲಿ ನನಗೆ ದಾರಿ ಕಂಡದ್ದು ಅಂಬೇಡ್ಕರರಲ್ಲಿ. 1951ರಲ್ಲಿ ಶೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಷನ್ನಿನ ಚುನಾವಣಾ ಪ್ರಣಾಳಿಕೆಯಲ್ಲಿ ಅವರು ಪಾನನಿಷೇಧವನ್ನು ಖಡಾಖಂಡಿತ ವಿರೋಧಿಸಿದರು. ಅದೇ ಮನುಷ್ಯ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದಾಗ ಅದರಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದಾಗಿತ್ತು. ಇದು ವಿರೋಧಾಭಾಸ ಅಂತ ಕೆಲವರಿಗೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಸರಕಾರ ಬಾಯಿಗೆ ಬೀಗ ಹಾಕುವುದು ಬೇರೆ, ಮನುಷ್ಯ ತನ್ನ ಬಾಯಿಂದ ತಾನೇ ಮಾತು ಕೊಡುವುದು ಬೇರೆ. ನಾಗಪುರದ ಪ್ರತಿಜ್ಞೆಯಲ್ಲಿ ಶಿಕ್ಷಿಸುವ ದೇವರಿಲ್ಲ. ಇರುವುದು ಅಕ್ಕಪಕ್ಕ ನಿಂತ ಮನುಷ್ಯರು. ನೀನು ಪಾಪಿ, ಆದ್ದರಿಂದ ಬಿಡು ಎಂದು ಅದು ಹೇಳಲಿಲ್ಲ. ನೀನು ಮನುಷ್ಯ, ಇಷ್ಟು ಕಾಲ ಅವರು ಹೇಳಲಿಲ್ಲ ಅಷ್ಟೇ, ಆದ್ದರಿಂದ ಬಿಡು ಎಂದಿತು. ಶಿಬಿರದಿಂದ ಬಂದು ನಿಜವಾಗಿ ಬಿಟ್ಟವರನ್ನು ಹತ್ತಿರದಿಂದ ನೋಡಿದರೂ ಇದೇ ಕಾಣುತ್ತದೆ. ಮಂಜುನಾಥನ ಕಣ್ಣಿಗಿಂತ ಹೆಚ್ಚಾಗಿ ಅವರನ್ನು ಹಿಡಿದಿಟ್ಟದ್ದು ವಾರಕ್ಕೊಮ್ಮೆ 'ಹೇಗಿದ್ದಿ?' ಎಂದು ಕೇಳುವ ನಾಲ್ಕು ಜನ. ಮೊದಲು ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

ಸರಕಾರದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಎಂದು ಸರಕಾರಕ್ಕೆ ಹೇಳುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಗಡಂಗುಗಳು ಮುಚ್ಚಿದವು. ಪ್ಯಾಕೆಟ್ಟಿನವನು ಕ್ವಾರ್ಟರಿಗೆ ಹೋದ, ಹೆಚ್ಚು ದುಡ್ಡು ಕೊಟ್ಟು ಅದೇ ಅಮಲು ಕೊಂಡ. ಸರಕಾರದ್ದೇ ಕಂಪನಿ ಎಂಎಸ್‌ಐಎಲ್ ಹಳ್ಳಿಹಳ್ಳಿಗೆ ಮದ್ಯದಂಗಡಿ ತೆರೆಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಎಂಬ ಶಬ್ದವನ್ನು ಸ್ವಲ್ಪ ನೋಡಿ! ಇಷ್ಟು ಕೋಟಿಯ ಕುಡಿತ ಆಗಲೇಬೇಕು ಎಂದು ಅರ್ಥ. 2019ರ ಜನವರಿಯಲ್ಲಿ ಮದ್ಯ ಬೇಡವೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಹೆಂಗಸರ ಕಾಲಿನ ಬೊಬ್ಬೆಗಳು ಯಾವ ಬಜೆಟ್ಟಿನಲ್ಲೂ ಬರಲಿಲ್ಲ.

ಇಲ್ಲಿ ನನ್ನ ಗಂಟಲಿಗೂ ಒಂದು ಮುಳ್ಳು ಸಿಕ್ಕಿಕೊಂಡಿದೆ. ನಾನು ಓದಿದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ. ಅಲ್ಲಿನ ಅನ್ನ, ಸ್ಕಾಲರ್‌ಶಿಪ್ಪು, ಚಾಪೆ ಎಲ್ಲ ಸರಕಾರದ ಬೊಕ್ಕಸದ್ದು. ಬೊಕ್ಕಸದಲ್ಲಿ ಅಬಕಾರಿಯ ಪಾಲು ದೊಡ್ಡದು. ಅಂದರೆ ನನ್ನ ಡಿಗ್ರಿಯಲ್ಲಿ ದೊಡ್ಡಪ್ಪನ ಕ್ವಾರ್ಟರಿನ ತೆರಿಗೆಯೂ ಉಂಟು. ಅವರು ಕುಡಿದದ್ದರಿಂದ ಅವರ ಮಗಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅವರು ಕುಡಿದ ದುಡ್ಡಿನ ಒಂದು ಚೂರು ಸುತ್ತಿ ಬಳಸಿ ನನ್ನನ್ನು ಬಿಎ ಮಾಡಿಸಿತು. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಕೂಗಿದ್ದುಂಟು. ವ್ಯವಸ್ಥೆ ಎಷ್ಟು ಜಾಣ ನೋಡಿ, ಹೆಂಡದಿಂದಲೇ ವಸತಿ ಶಾಲೆ ಕೊಟ್ಟಿತು. ಈಗ ನಾನು ದೊಡ್ಡಪ್ಪನಿಗೆ ನೀತಿ ಹೇಳಬೇಕೋ, ಲೆಕ್ಕ ಒಪ್ಪಿಸಬೇಕೋ?

ದೊಡ್ಡಪ್ಪ ಈಗ ಮತ್ತೆ ಬಿಟ್ಟಿದ್ದಾರೆ. ಈ ಸಲ ಆಣೆ ಹಾಕಿಲ್ಲ, ಕೇಳಿದರೆ 'ಇವತ್ತು ಇಲ್ಲ' ಅನ್ನುತ್ತಾರೆ. ಆದರೆ ಹೊಸ ತಕರಾರು ಬಂದಿದೆ. ನಮ್ಮ ಕಾಲನಿಯಲ್ಲಿ ಕೊರಗಜ್ಜನ ಕಟ್ಟೆ ಉಂಟು. ಕಳ್ಳಿನ ಮನೆಯ ಬೈದೆದಿ ಸಾಕಿದ ಕೊರಗರ ಹುಡುಗ ತನಿಯ, ಮಾಯವಾಗಿ ದೈವವಾದವನು. ಅವನಿಗೆ ಚಕ್ಕುಲಿ, ವೀಳ್ಯ, ಕಳ್ಳು. ಬರಬರುತ್ತಾ ಕಳ್ಳಿನ ಜಾಗಕ್ಕೆ ಬಾಟ್ಲಿ ಬಂದಿದೆ, ಹರಕೆ ಹೇಳಿದ ಮೇಲ್ಜಾತಿಯವರೂ ಕಾರಿನಲ್ಲಿ ತಂದು ಇಟ್ಟು ಹೋಗುತ್ತಾರೆ. ಕಟ್ಟೆಗೆ ಬಡಿಸುವ ಕೆಲಸ ಮೊದಲಿನಿಂದ ದೊಡ್ಡಪ್ಪನದ್ದು. ಬಾಟ್ಲಿಯ ಮುಚ್ಚಳ ತೆಗೆದರೆ ವಾಸನೆಗೇ ಅವರ ಕೈ ನಡುಗುತ್ತದೆ. ಈ ವರ್ಷ ಸೀಯಾಳ ಇಡುತ್ತೇನೆ ಅಂದರು. ಹಿರಿಯರು ಅಜ್ಜನಿಗೆ ಸಿಟ್ಟು ಬರುತ್ತದೆ ಅಂದರು. "ಅಜ್ಜ ನಮ್ಮವ ಅಲ್ಲವಾ, ನನ್ನ ಕಷ್ಟ ಅವನಿಗೆ ಗೊತ್ತಾಗುವುದಿಲ್ಲವಾ?" ಎಂದು ದೊಡ್ಡಪ್ಪ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಬರುವ ಶುಕ್ರವಾರ ಮತ್ತೆ ಕೂತು ಮಾತಾಡುವುದು ಎಂದು ಆಗಿದೆ.