ಬಿಚ್ಚತಕ್ಕ ತಪ್ಪೂ ಬಿಡತಕ್ಕ ತಪ್ಪೂ

ಮಾಡಿದ ಕೆಲಸದಲ್ಲಿ ತಪ್ಪು ಬಿದ್ದದ್ದು ಕಾಣಬಂದಾಗ ಏನು ಮಾಡತಕ್ಕದ್ದು? ಮಾಡಿದ್ದನ್ನೆಲ್ಲಾ ಬಿಚ್ಚಿ ಮೊದಲಿನಿಂದ ಆರಂಭಿಸಬೇಕೋ, ಇಲ್ಲವೆ ಕಾಣದವರಂತೆ ಮುಂದಕ್ಕೆ ಹೋಗಬೇಕೋ? ಈ ಪ್ರಶ್ನೆಯು ಕೈಕೆಲಸಕ್ಕೆ ಮಾತ್ರ ಸೇರಿದ್ದಲ್ಲ. ಮನೆವಾರ್ತೆಗೂ ನೆರೆಹೊರೆಯವರೊಂದಿಗಿನ ನಡತೆಗೂ ಸೇರಿದ್ದು. ಆದರೂ ದೊಡ್ಡ ವಿಷಯವನ್ನು ಸಣ್ಣ ವಸ್ತುವಿನಲ್ಲಿ ನೋಡಿದರೆ ಬೇಗ ತಿಳಿಯುವದು. ಆದಕಾರಣ ಹೊಸದಾಗಿ ಹೆಣಿಗೆ ಕಲಿಯುವವರು ದಪ್ಪ ಉಣ್ಣೆಯ ದಾರದಿಂದ ಮಾಡುವ ಒಂದು ಸಾದಾ ಮಫ್ಲರನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಂಥ ಊರುಗಳಿಗೆ ಹೆಣಿಗೆಯು ಹಳೆಯ ಕಸಬಲ್ಲ. ನಮ್ಮ ಸೀಮೆಯ ಚಳಿಗೆ ಹಿಂದಿನಿಂದ ಒದಗಿದ್ದು ಕಂಬಳಿಯೇ. ಕುರುಬರ ಮನೆಯ ಹೆಂಗಸರು ಕುರಿಯ ಉಣ್ಣೆಯನ್ನು ನೂಲುವರು, ಗಂಡಸರು ಮಗ್ಗದಲ್ಲಿ ನೇಯುವರು. ನೂಲು ಗಟ್ಟಿಯಾಗುವಂತೆ ಹುಣಸೆಬೀಜದ ಗಂಜಿಯನ್ನು ಹಾಕುವರು. ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಕುರಿ ಪ್ರಸಿದ್ಧವಾದದ್ದೇ. ಆದರೆ ಅದು ಹೆಸರಾದದ್ದು ಮಾಂಸಕ್ಕೆ, ಅದರ ಉಣ್ಣೆ ಒರಟು. ಕೊರಳಿಗೆ ಸುತ್ತಿಕೊಳ್ಳುವ ಮೆತ್ತನೆಯ ದಾರವು ಅಂಗಡಿಯಿಂದಲೇ ಬರಬೇಕು, ಮತ್ತು ಈಗ ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವದರಲ್ಲಿ ಬಹಳ ಪಾಲು ಅಕ್ರಿಲಿಕ್ ಎಂಬ ಕೃತಕ ನೂಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹಗಳ ಜೊತೆಗೆ ಹೊಲಿಗೆಯನ್ನೂ ಹೆಣಿಗೆಯನ್ನೂ ಕಲಿಸಿದ್ದರಿಂದ ಈ ವಿದ್ಯೆಯು ಕನ್ನಡ ದೇಶದ ಅನೇಕ ಮನೆಗಳನ್ನು ಹೊಕ್ಕಿತು.

ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಮೊದಲು ತಿಳಿಯತಕ್ಕದ್ದು. ನೇಯ್ಗೆಯಲ್ಲಿ ಹಾಸು ಹೊಕ್ಕು ಎಂಬ ಎರಡು ಬಗೆಯ ನೂಲುಂಟು. ಹಾಸಿನ ಎಳೆ ಕಡಿದರೆ ಗಂಟು ಹಾಕಿ ಮುಂದಕ್ಕೆ ನೇಯುವರೇ ಹೊರತು ಬಟ್ಟೆಯನ್ನು ಬಿಚ್ಚುವವರಿಲ್ಲ. ಹೆಣಿಗೆಯಲ್ಲಿಯಾದರೋ ಒಂದೇ ದಾರವು ಕುಣಿಕೆಯೊಳಗೆ ಕುಣಿಕೆಯಾಗಿ ಹೋಗುತ್ತಿರುವದು. ಬಲಗೈಯ ಕಡ್ಡಿಯ ಮೊನೆಯನ್ನು ಎಡಗೈಯ ಕಡ್ಡಿಯ ಮೇಲಿನ ಮೊದಲನೆಯ ಕುಣಿಕೆಯೊಳಗೆ ತೂರಿಸಿ, ದಾರವನ್ನು ಆ ಮೊನೆಗೆ ಸುತ್ತಿ, ಸುತ್ತನ್ನು ಕುಣಿಕೆಯೊಳಗಿಂದ ಈಚೆಗೆಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಬೇಕು. ಇಷ್ಟೇ ವಿದ್ಯೆ. ಸಾಲು ಮುಗಿದ ಕೂಡಲೆ ಕಡ್ಡಿಗಳನ್ನು ಕೈ ಬದಲಾಯಿಸಿಕೊಂಡು ಅದನ್ನೇ ತಿರುಗಿ ಮಾಡುವದು. ಕೆಳಗಿನ ಕುಣಿಕೆಯನ್ನು ಮೇಲಿನದು ಹಿಡಿದಿರುವದು. ಕಡ್ಡಿಯು ಕಟ್ಟಕಡೆಯದನ್ನು ಹಿಡಿದಿರುವದು. ಕಡ್ಡಿಯನ್ನು ತೆಗೆದು ದಾರವನ್ನೆಳೆದರೆ ಒಂದು ವಾರದ ಕೆಲಸವು ಕೆಲವು ನಿಮಿಷಗಳಲ್ಲಿ ತಿರುಗಿ ಉಂಡೆಯಾಗುವದು, ದಾರವು ಮಾತ್ರ ಒಂದು ಮೊಳವೂ ಕಡಿಮೆಯಾಗದು.

ಹೊಸಬರಿಗೆ ದಪ್ಪ ದಾರವನ್ನೇ ಕೊಡಬೇಕೆಂದು ಬಲ್ಲವರು ಹೇಳುವದಕ್ಕೆ ಎರಡು ಕಾರಣಗಳುಂಟು: ಕೆಲಸವು ಬೇಗ ಬೆಳೆಯುವದು, ಮತ್ತು ಪ್ರತಿಯೊಂದು ಕುಣಿಕೆಯೂ ಕಣ್ಣಿಗೆ ಚೆನ್ನಾಗಿ ಕಾಣುವದು. ೮ ಮಿಲಿಮೀಟರು ದಪ್ಪದ ಎರಡು ಕಡ್ಡಿಗಳನ್ನು ತೆಗೆದುಕೊಂಡು ೨೦ ಕುಣಿಕೆಗಳನ್ನು ಏರಿಸಿದರೆ ಆರೇಳು ಅಂಗುಲದ ಅಗಲವಾಗುವದು. ಅಂಗುಲಕ್ಕೆ ಸುಮಾರು ೫ ಸಾಲಿನಂತೆ ೬೦ ಅಂಗುಲದ ಉದ್ದಕ್ಕೆ ೩೦೦ ಸಾಲು, ಅಂದರೆ ೬,೦೦೦ ಕುಣಿಕೆ. ಕಾಲು ಕಿಲೋವಿನಷ್ಟು ದಾರ ಸಾಕಾದೀತು. ಕಲಿಯುವವರ ಕೈಯಲ್ಲಿ ೬,೦೦೦ ಕುಣಿಕೆಗಳೂ ತಪ್ಪಿಲ್ಲದೆ ಬರುವವೆಂದು ನಿರೀಕ್ಷಿಸುವವನು ಕಡ್ಡಿ ಹಿಡಿದು ನೋಡಿದವನಲ್ಲ.

ಈಗ ಒಬ್ಬ ಹುಡುಗಿಯನ್ನು ಭಾವಿಸಿರಿ. ಪುಷ್ಯ ಮಾಸದ ಮಂಜಿನಲ್ಲಿ ಕೋಳಿ ಕೂಗುವದಕ್ಕೆ ಮುಂಚೆ ಗದ್ದೆಗೆ ನೀರು ಕಟ್ಟಲು ಹೋಗುವ ಅಪ್ಪನಿಗಾಗಿ ಅವಳು ಮಫ್ಲರನ್ನು ಹೆಣೆಯುತ್ತಾಳೆ. ನೂರನೆಯ ಸಾಲಿಗೆ ಬಂದಾಗ ಎಪ್ಪತ್ತನೆಯ ಸಾಲಿನಲ್ಲಿ ಒಂದು ತಪ್ಪು ಕಾಣುತ್ತದೆ. ನೆರೆಯವಳೊಬ್ಬಳು, "ಬಿಚ್ಚು ಮಗಳೇ, ತಪ್ಪಿಟ್ಟುಕೊಂಡು ಮೇಲಕ್ಕೆ ಹೋದರೆ ಕೆಲಸಕ್ಕೆ ಮರ್ಯಾದೆಯೇ?" ಅನ್ನುತ್ತಾಳೆ. ಇನ್ನೊಬ್ಬಳು, "ಬಿಡವ್ವ, ಕತ್ತಲಲ್ಲಿ ಸುತ್ತಿಕೊಳ್ಳುವ ಬಟ್ಟೆಯನ್ನು ಯಾರು ನೋಡುತ್ತಾರೆ?" ಅನ್ನುತ್ತಾಳೆ. ಮೊದಲನೆಯವಳ ಮಾತಿನಲ್ಲಿ ಸತ್ಯನಿಷ್ಠೆಯುಂಟು, ಎರಡನೆಯವಳ ಮಾತಿನಲ್ಲಿ ಕರುಣೆಯುಂಟು. ಆದರೆ ಇಬ್ಬರೂ ಕೇಳತಕ್ಕ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಅದೇನಂದರೆ, ಅದು ಎಂಥ ತಪ್ಪು?

ಯಾಕಂದರೆ ತಪ್ಪುಗಳೆಲ್ಲಾ ಒಂದೇ ಜಾತಿಯವಲ್ಲ. ಒಂದು ಸಾಲು ಬಿಗಿ, ಇನ್ನೊಂದು ಸಡಿಲ ಆಗಿರಬಹುದು. ಇದು ಕೈ ಇನ್ನೂ ಪಳಗದ್ದರಿಂದ ಆದದ್ದು. ಇಂಥ ತಪ್ಪು ಇದ್ದಲ್ಲಿಯೇ ಇರುವದು. ಮೇಲಿನ ಸಾಲನ್ನಾಗಲಿ ಕೆಳಗಿನ ಸಾಲನ್ನಾಗಲಿ ಕೆಡಿಸದು. ಒಗೆದು ಒಣಗಿಸಿದಾಗ ಕೆಲವು ಮಟ್ಟಿಗೆ ಸಮವೂ ಆಗುವದು. ಇದಕ್ಕಾಗಿ ಮೂವತ್ತು ಸಾಲುಗಳನ್ನು ಬಿಚ್ಚುವದು ಸತ್ಯನಿಷ್ಠೆಯಲ್ಲ, ಹೊಗಳಿಕೆಯ ಆಶೆ. ಮೇಲಾಗಿ ಬಿಚ್ಚುವದಕ್ಕೂ ಬೆಲೆಯುಂಟು. ಉದ್ದ ಕಡಿಮೆಯಾಗದಿದ್ದರೂ ಅದೇ ದಾರವನ್ನು ಹತ್ತು ಸಾರಿ ಬಿಚ್ಚಿ ಹೆಣೆದರೆ ಜುಂಗೆದ್ದು ಸವೆಯುವದು. ಕಲಿಯುವವಳ ಮನಸ್ಸೂ ಹಾಗೆಯೇ.

ಆದರೆ ಒಂದು ಕುಣಿಕೆಯು ಕಡ್ಡಿಯಿಂದ ಜಾರಿ ಬಿದ್ದಿದ್ದರೆ ಸಂಗತಿ ಬೇರೆ. ಅದನ್ನು ಹಿಡಿಯುವದು ಏನೂ ಇಲ್ಲದ್ದರಿಂದ ಬಟ್ಟೆಯನ್ನೆಳೆದಾಗಲೆಲ್ಲಾ ಅದು ಬಿಚ್ಚಿಕೊಳ್ಳುವದು. ಅದು ಬಿಚ್ಚಿದಾಗ ಅದರ ಕೆಳಗಿನದೂ, ಆಮೇಲೆ ಅದರ ಕೆಳಗಿನದೂ ಬಿಚ್ಚಿ ಏಣಿಯ ಮೆಟ್ಟಿಲುಗಳಂತೆ ಅಡ್ಡದಾರಗಳು ಮಾತ್ರ ಉಳಿಯುವವು. ಈ ತಪ್ಪು ಓಡುವ ತಪ್ಪು. ಇದನ್ನು ಕಂಡ ದಿನವೇ ಹಿಡಿಯಬೇಕು. ಆದರೆ ಹಿಡಿಯುವದಕ್ಕೆ ಎಲ್ಲವನ್ನೂ ಬಿಚ್ಚಬೇಕೆಂಬ ನಿಯಮವಿಲ್ಲ: ಕೊಕ್ಕೆಯ ಕಡ್ಡಿಯಿಂದ ಬಿದ್ದ ಕುಣಿಕೆಯನ್ನು ಎತ್ತಿ, ಒಂದೊಂದು ಅಡ್ಡದಾರವನ್ನೂ ಅದರೊಳಗಿಂದ ಎಳೆಯುತ್ತಾ ಮೆಟ್ಟಿಲು ಹತ್ತಿಸಿ ತಿರುಗಿ ಕಡ್ಡಿಗೆ ಸೇರಿಸಬಹುದು. ತಡಮಾಡಿದಷ್ಟೂ ಮೆಟ್ಟಿಲುಗಳು ಹೆಚ್ಚುವವು.

ಇನ್ನೊಂದು ತಪ್ಪು ಹೊಸಬರೆಲ್ಲರಿಗೂ ಪರಿಚಿತವೇ. ಸಾಲಿನ ಆರಂಭದಲ್ಲಿ ದಾರವು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹೋಗಿದ್ದರೆ ಮೊದಲನೆಯ ಕುಣಿಕೆಯು ಎರಡರಂತೆ ತೋರುವದು. ಅವಳು ಎರಡನ್ನೂ ಹೆಣೆಯುವಳು. ೨೦ ಇದ್ದದ್ದು ೨೧ ಆಗುವದು, ಮುಂದೆ ೨೨, ೨೩. ಯಾವ ಸಾಲಿನಲ್ಲಿಯೂ ಕೆಟ್ಟದ್ದೇನೂ ಕಾಣದು. ಬಟ್ಟೆಯು ಮಾತ್ರ ಅಂಗೈಯಷ್ಟಿದ್ದದ್ದು ಮೊರದಷ್ಟಾಗುವದು. ಇದಕ್ಕೆ ಮದ್ದು ಲೆಕ್ಕವೊಂದೇ: ಎರಡು ಸಾಲಿಗೊಮ್ಮೆ ಕುಣಿಕೆಗಳನ್ನು ಎಣಿಸಬೇಕು. ಒಂದು ಹೆಚ್ಚಿದ್ದರೆ ಎರಡನ್ನು ಕೂಡಿಸಿ ಹೆಣೆದು ಲೆಕ್ಕವನ್ನು ಸರಿಮಾಡಬಹುದು. ಹಾಗೆ ಮಾಡುವದು ಮೋಸವೋ ಎಂದು ಕೇಳಿದರೆ, ಅಲ್ಲ. ಹಿಂದಿನ ಸಾಲಿನ ಗುರುತು ಅಲ್ಲಿಯೇ ಇರುವದು, ಅದನ್ನು ಯಾರೂ ಮರೆಮಾಡಲಿಲ್ಲ. ಮುಂದಿನ ಸಾಲಿಗೆ ಅದು ಹಬ್ಬದಂತೆ ನಿಲ್ಲಿಸಿದ್ದಾಯಿತು.

ಮೂರನೆಯ ಜಾತಿಯ ತಪ್ಪು ಓಡದಿದ್ದರೂ ತೊಡುವವನನ್ನು ನೋಯಿಸುವಂಥದ್ದು. ೧೯೧೪ರಿಂದ ೧೯೧೮ರ ವರೆಗೆ ನಡೆದ ಮಹಾಯುದ್ಧದಲ್ಲಿ ಇಂಗ್ಲೆಂಡ್ ಮೊದಲಾದ ದೇಶಗಳ ಸ್ತ್ರೀಯರು ಸಿಪಾಯಿಗಳಿಗಾಗಿ ಮಫ್ಲರುಗಳನ್ನೂ ಕಾಲುಚೀಲಗಳನ್ನೂ ಹೆಣೆದು ಕಳುಹಿಸಿದರು. ಮಫ್ಲರಿನಲ್ಲಿ ಒಂದು ಗಂಟಿದ್ದರೆ ಬಾಧಕವಿಲ್ಲ. ಕಾಲುಚೀಲದ ಅಡಿಯಲ್ಲಿ ಅದೇ ಗಂಟಿದ್ದರೆ ನಡೆಯುವವನ ಅಂಗಾಲಿನಲ್ಲಿ ಬೊಬ್ಬೆಯೇಳುವದು. ಗಂಟು ಒಂದೇ, ಅದು ಯಾರ ಮೈಗೆ ಎಲ್ಲಿ ಒತ್ತುವದು ಎಂಬದರ ಮೇಲೆ ಅದರ ತೂಕವು ನಿಲ್ಲುವದು. ಹಾಗೆಯೇ ಹೆಣೆದದ್ದನ್ನು ಮಾರುವದಾದರೆ ಸಣ್ಣ ತಪ್ಪನ್ನೂ ಕೊಳ್ಳುವವನಿಗೆ ತೋರಿಸಿ ಮಾರಬೇಕು; ಯಾಕಂದರೆ ಅಲ್ಲಿ ಮುಚ್ಚಿಟ್ಟ ತಪ್ಪು ಅವನ ಗಂಟನ್ನು ಕದಿಯುವದು.

ಹೀಗಿರಲಾಗಿ ತಪ್ಪು ಕಂಡಾಗ ಕೇಳತಕ್ಕದ್ದು ಅದು ದೊಡ್ಡದೋ ಚಿಕ್ಕದೋ ಎಂದಲ್ಲ, ಜನರು ನೋಡುವರೋ ಇಲ್ಲವೋ ಎಂದೂ ಅಲ್ಲ. ಅದು ಓಡುವದೋ? ಅದು ಇನ್ನೊಬ್ಬನನ್ನು ನೋಯಿಸುವದೋ? ಈ ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಅದನ್ನು ಬಿಟ್ಟು ಮುಂದಿನ ಸಾಲನ್ನು ಚೆನ್ನಾಗಿ ಹೆಣೆಯಿರಿ. ಹೌದೆಂಬ ಉತ್ತರ ಬಂದರೆ ಎಷ್ಟು ಸಾಲುಗಳು ಹೋದರೂ ಸರಿ, ಇಂದೇ ಸರಿಮಾಡಿರಿ.

ಮನೆಯ ಜೀವನದಲ್ಲಿಯೂ ಇದೇ ಅಳತೆಯು ಸಲ್ಲುವದು. ಹೊಸದಾಗಿ ಬಂದ ಸೊಸೆಯ ಸಾರಿನಲ್ಲಿ ಉಪ್ಪು ಹೆಚ್ಚಾಯಿತು, ಸಭೆಯಲ್ಲಿ ಮಾತಾಡಲೆದ್ದ ಹುಡುಗನ ನಾಲಿಗೆ ತೊದಲಿತು. ಇವು ನಿಂತಲ್ಲಿಯೇ ನಿಲ್ಲುವ ತಪ್ಪುಗಳು. ಇವನ್ನು ವರುಷಗಟ್ಟಲೆ ಎತ್ತಿ ಆಡುವವರು ಕೆಡದ ಬಟ್ಟೆಯನ್ನು ಬಿಚ್ಚುವವರು. ಆದರೆ ಹಾಲಿಗೆ ಒಂದು ಲೋಟ ನೀರು ಬೆರಸಿ ಅಳೆದದ್ದು, ಗಂಡನಿಗೆ ಹೇಳದೆ ಅಥವಾ ಹೆಂಡತಿಗೆ ಹೇಳದೆ ಬಡ್ಡಿಗೆ ಹಣ ತಂದದ್ದು, ಅಣ್ಣ ತಮ್ಮಂದಿರ ನಡುವೆ ಒಂದು ಸುಳ್ಳು ಹೇಳಿದ್ದು, ಇವು ಜಾರಿದ ಕುಣಿಕೆಗಳು. ಮೊದಲ ದಿನ ಇವು ಬೆರಳಿನಷ್ಟು ಜಾಗದಲ್ಲಿಯೇ ಇರುವವು. ಆ ದಿನ ಎತ್ತಿದರೆ ಒಂದೆರಡು ಮೆಟ್ಟಿಲು. ಬಿಟ್ಟರೆ ಬಡ್ಡಿಯು ಬಡ್ಡಿಯನ್ನು ಹೆರುವದು, ಸುಳ್ಳು ಸುಳ್ಳನ್ನು ಕರೆಯುವದು. ನಾವಾದರೋ ಅನೇಕ ಸಾರಿ ತಿರುಗುಮುರುಗಾಗಿ ನಡೆಯುತ್ತೇವೆ. ಕಣ್ಣಿಗೆ ಕಾಣುವ ಸೊಟ್ಟ ಸಾಲಿಗಾಗಿ ಮಗುವನ್ನು ಗದರಿಸುತ್ತೇವೆ. ಕಾಣದೆ ಓಡುತ್ತಿರುವ ಕುಣಿಕೆಯ ಮೇಲೆ ಸೆರಗು ಮುಚ್ಚುತ್ತೇವೆ.

ಕಡೆಗೆ ಕಲಿಸುವವರಿಗೆ ಒಂದು ಮಾತು. ಹುಡುಗಿಯ ಕೆಲಸದಲ್ಲಿ ಓಡುವ ತಪ್ಪನ್ನು ಕಂಡಾಗ ಅವಳ ಕೈಯಿಂದ ಕಡ್ಡಿಯನ್ನು ಕಿತ್ತುಕೊಂಡು ತಾವೇ ಸರಿಮಾಡಿ ಕೊಡುವವರುಂಟು. ಮಫ್ಲರು ಚೆನ್ನಾಗುವದು, ಹುಡುಗಿಯು ಕಲಿಯಳು. ತಪ್ಪಿನ ಮೇಲೆ ಬೆರಳಿಟ್ಟು ತೋರಿಸಿರಿ. ಬಿಚ್ಚುವದು ಅವಳ ಕೈಯೇ ಆಗಲಿ. ಬಿಚ್ಚಿದ ದಾರವು ಸುರುಳಿ ಸುರುಳಿಯಾಗಿದ್ದರೆ ಸಡಿಲವಾಗಿ ಸುತ್ತಿ ಕಟ್ಟಿ ನೀರಿನಲ್ಲಿ ನೆನೆಯಿಸಿ ನೆರಳಿನಲ್ಲಿ ತೂಗುಹಾಕಿರೆಂದು ಹೇಳಿಕೊಡಿರಿ. ಉಣ್ಣೆಯಾದರೆ ಬಹುಮಟ್ಟಿಗೆ ನೆಟ್ಟಗಾಗುವದು. ಆಗ ಅವಳು ಅಳದೆ ತಿರುಗಿ ಕುಣಿಕೆ ಏರಿಸುವಳು.

ಇನ್ನು ಅಪ್ಪನ ಮಫ್ಲರು. ಎಪ್ಪತ್ತನೆಯ ಸಾಲಿನ ತಪ್ಪು ಬರೇ ಸಡಿಲವಾದ ಸಾಲಾಗಿದ್ದರೆ ಅವಳು ಅದನ್ನು ಹಾಗೆಯೇ ಬಿಟ್ಟು ಸಂಕ್ರಾಂತಿಯ ಚಳಿ ಮುಗಿಯುವದರೊಳಗೆ ೩೦೦ನೆಯ ಸಾಲನ್ನು ಮುಟ್ಟಲಿ; ಯಾಕಂದರೆ ತಪ್ಪಿಲ್ಲದ ಮಫ್ಲರು ಬೇಸಿಗೆಯಲ್ಲಿ ಸಿದ್ಧವಾದರೆ ಅಪ್ಪನ ಕೊರಳಿಗೆ ಪ್ರಯೋಜನವೇನು? ಜಾರಿದ ಕುಣಿಕೆಯಾಗಿದ್ದರೆ ಇಂದಿನ ಸಂಜೆ ದೀಪ ಹಚ್ಚಿಕೊಂಡು ಕುಳಿತು ಅದನ್ನು ಎತ್ತಲಿ. ವಾಚಕರೇ, ನಮ್ಮ ನಮ್ಮ ಮನೆಗಳಲ್ಲಿಯೂ ಎತ್ತತಕ್ಕದ್ದು ಯಾವದಾದರೂ ಇದ್ದರೆ ಮೆಟ್ಟಿಲುಗಳು ಹೆಚ್ಚುವ ಮುಂಚೆಯೇ ಎತ್ತೋಣ.