ಮರದ ಒಡೆಯನೂ ಹೆಜ್ಜಾರ್ಲೆಯ ಗೂಡೂ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಅನತಿದೂರದಲ್ಲಿ, ಕೊಕ್ಕರೆ ಬೆಳ್ಳೂರೆಂಬ ಗ್ರಾಮವಿದೆ. ಪುಷ್ಯ ಮಾಸದ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಗುಂಪುಗುಂಪಾಗಿ ಬಂದು, ಊರ ನಡುವಣ ಹುಣಿಸೆ, ಆಲ, ಅರಳಿ, ಬಸರಿ ಮರಗಳಲ್ಲಿ ಗೂಡುಕಟ್ಟಿ, ಮರಿಮಾಡಿ, ಮುಂಗಾರಿನ ಮೋಡಗಳು ಕಾಣುವ ವೇಳೆಗೆ ಹೊರಟುಹೋಗುತ್ತವೆ. ಮನೆಯ ಮಾಡಿಗೂ ಹಕ್ಕಿಯ ಗೂಡಿಗೂ ನಡುವೆ ಇರುವ ಅಂತರ ಕೆಲವೆಡೆ ಕೆಲವೇ ಮೊಳಗಳು. ಹಿಂದೆ ನದಿಯ ದಡದಲ್ಲಿದ್ದ ಊರು ಪ್ಲೇಗಿನ ಹಾವಳಿಯಿಂದ ಎಡೆ ಬದಲಿಸಿದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಅಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದಂತೆ ಈ ಪಕ್ಷಿಗಳು ಬರುತ್ತವೆಂಬುದು ಊರಿನ ಭಾವನೆ. ತವರೆಂದಮೇಲೆ ಬಂದವಳ ಊಟದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈ ದೃಶ್ಯವನ್ನು ನೋಡಿ ಕೊಂಡಾಡತಕ್ಕವರು ಬಹುಮಂದಿ. ಮರ ಯಾರದೆಂದು ಕೇಳತಕ್ಕವರು ವಿರಳ. ಗೂಡು ಹೊತ್ತಿರುವ ಮರಗಳಲ್ಲಿ ಅನೇಕವು ಸರ್ಕಾರದ ಅರಣ್ಯದಲ್ಲಿಲ್ಲ. ಒಕ್ಕಲು ಮಕ್ಕಳ ಹಿತ್ತಿಲಲ್ಲಿವೆ, ಕಣದಲ್ಲಿವೆ, ಹೊಲದ ಬದುವಿನಲ್ಲಿವೆ. ಹುಣಿಸೆಯ ಹಣ್ಣು ಬಲಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಹಣ್ಣನ್ನು ಉದುರಿಸಬೇಕಾದರೆ ಕೊಂಬೆಗೆ ಗಳುವಿನ ಪೆಟ್ಟು ಬೀಳಬೇಕು. ಪೆಟ್ಟು ಬಿದ್ದರೆ ಗೂಡು ನಿಲ್ಲದು. ಹೀಗೆ ಗೂಡನ್ನು ಉಳಿಸಿದವನು ಆ ಕೊಂಬೆಗಳ ಫಸಲನ್ನು ಬಿಟ್ಟುಕೊಡುತ್ತಾನೆ. ಇದಲ್ಲದೆ ಮರದ ಕೆಳಗೆಲ್ಲ ಹಿಕ್ಕೆ, ಮರಿಗಳ ಬಾಯಿಂದ ಜಾರಿದ ಮೀನು, ಅದರ ನಾತ. ಈ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಗದ್ದೆಗೆ ಹಾಕುವ ರೂಢಿ ಹಿಂದೆ ಚೆನ್ನಾಗಿಯೇ ಇತ್ತು. ಆಗ ಕೊಟ್ಟುದಕ್ಕೆ ಪ್ರತಿಯಾಗಿ ಬಂದುದೂ ಒಂದಿತ್ತು. ಅಂಗಡಿಯ ಗೊಬ್ಬರದ ಚೀಲ ಬಂದಮೇಲೆ ಆ ಕೊಡುಕೊಳ್ಳುವಿಕೆಯ ಒಂದು ತಟ್ಟೆ ಹಗುರವಾಯಿತು.

ಇಂಥ ಮರದ ಒಡೆಯನೊಬ್ಬನಿಗೆ ಮಗಳ ಮದುವೆ ಒದಗಿಬಂದಿದೆ, ಮರದ ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದಾನೆ ಎಂದು ಭಾವಿಸಬಹುದು. ಮರವು ಅವನ ತಾತ ನೆಟ್ಟದ್ದು. ಹಕ್ಕಿಯನ್ನು ಕೊಲ್ಲುವುದೂ ಮೊಟ್ಟೆ ಇರುವ ಗೂಡನ್ನು ಕೆಡಿಸುವುದೂ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ ಅಪರಾಧವೆಂಬುದು ಅವನಿಗೆ ಗೊತ್ತು. ಆದರೆ ಹಕ್ಕಿಗಳಿಲ್ಲದ ಶ್ರಾವಣದಲ್ಲಿ ಮರವನ್ನು ಕಡಿದರೆ? ಆಗ ಅವನು ಮಾಡಿದ್ದು ತಪ್ಪೆ? ತಪ್ಪಾದರೆ ಯಾರಿಗೆ ಮಾಡಿದ ತಪ್ಪು? ಹಕ್ಕಿಗೋ, ಊರಿಗೋ, ಭಾನುವಾರ ಕಾರಿನಲ್ಲಿ ಬಂದು ದೂರದರ್ಶಕ ಯಂತ್ರದಿಂದ ಮರಿಗಳನ್ನು ನೋಡಿ ಹೋಗುವ ಪಟ್ಟಣಿಗನಿಗೋ?

ಸ್ವತ್ತು ಎಂದರೆ ಇಷ್ಟಬಂದಂತೆ ಮಾಡುವ ಅಧಿಕಾರವೆಂದು ಹೇಳುವವರಿದ್ದಾರೆ. ಆ ಮಾತು ಪೂರ್ಣವಾಗಿ ಸತ್ಯವಾಗಿದ್ದ ಕಾಲ ಯಾವ ದೇಶದಲ್ಲಿಯೂ ಇದ್ದಂತೆ ತೋರುವುದಿಲ್ಲ. ತನ್ನ ಗದ್ದೆಯ ಬದುವನ್ನು ಒಡೆದು ನೆರೆಯವನ ಪೈರನ್ನು ಮುಳುಗಿಸುವ ಹಕ್ಕು ಒಕ್ಕಲಿಗನಿಗೆ ಎಂದೂ ಇರಲಿಲ್ಲ. ಆದರೆ ನೆರೆಯವನಿಗೆ ಕೇಡು ಮಾಡದಿರುವುದು ಬೇರೆ. ನೆರೆಯವನ ಸಂತೋಷಕ್ಕಾಗಿ ತಾನು ನಷ್ಟಪಡುವುದು ಬೇರೆ. ಮೊದಲನೆಯದನ್ನು ದಂಡದಿಂದ ಮಾಡಿಸಬಹುದು. ಎರಡನೆಯದನ್ನು ದಂಡದಿಂದ ಮಾಡಿಸಹೊರಟಲ್ಲಿ ಏನಾಗುತ್ತದೆಂಬುದಕ್ಕೆ ಅಮೆರಿಕ ದೇಶದ ಒಂದು ಮರಕುಟಿಗ ಪಕ್ಷಿಯ ಚರಿತ್ರೆ ಸಾಕ್ಷಿಯಾಗಿದೆ.

ಆ ದೇಶದ ಆಗ್ನೇಯ ಸಂಸ್ಥಾನಗಳ ಪೈನ್ ಕಾಡುಗಳಲ್ಲಿ ಕೆಂಪುಚುಕ್ಕೆಯ ಮರಕುಟಿಗವೆಂಬ ಸಣ್ಣ ಹಕ್ಕಿ ಇದೆ. ಅದು ಒಣಗಿದ ಮರವನ್ನು ಒಲ್ಲದು. ಬದುಕಿರುವ, ವಯಸ್ಸಾದ, ತಿರುಳು ಮೆತ್ತಗಾದ ಪೈನ್ ಮರವನ್ನೇ ಆರಿಸಿ ಪೊಟರೆ ಕೊರೆಯುತ್ತದೆ. ಅಪಾಯದಲ್ಲಿರುವ ಜೀವಿಗಳ ರಕ್ಷಣೆಗಾಗಿ 1973ರಲ್ಲಿ ಅಲ್ಲಿ ಕಠಿನವಾದ ಶಾಸನವಾಯಿತು. ಈ ಹಕ್ಕಿ ನೆಲೆಸಿದ ಖಾಸಗಿ ತೋಪಿನಲ್ಲಿ ಮರ ಕಡಿಯುವುದಕ್ಕೆ ಬಗೆಬಗೆಯ ನಿರ್ಬಂಧಗಳು ಬಂದವು. ಒಡೆಯರು ಇದರಿಂದ ಕಲಿತ ಪಾಠ ಶಾಸನಕರ್ತರು ಎಣಿಸಿದ ಪಾಠವಲ್ಲ: ಮರ ಮುದಿಯಾಗುವುದಕ್ಕೆ ಮುಂಚೆಯೇ ಕಡಿದುಬಿಟ್ಟರೆ ಹಕ್ಕಿ ಬರುವುದಿಲ್ಲ, ಹಕ್ಕಿ ಬಾರದಿದ್ದರೆ ನಿರ್ಬಂಧವೂ ಬರುವುದಿಲ್ಲ. ಉತ್ತರ ಕೆರೊಲಿನ ಸಂಸ್ಥಾನದ ತೋಪುಗಳನ್ನು ಪರಿಶೀಲಿಸಿದ ಲ್ಯೂಯೆಕ್ ಮತ್ತು ಮೈಕೆಲ್ ಎಂಬ ಅರ್ಥಶಾಸ್ತ್ರಜ್ಞರು, ಹಕ್ಕಿಗಳಿರುವ ಸ್ಥಳಕ್ಕೆ ಹತ್ತಿರವಾದ ತೋಪುಗಳಲ್ಲಿ ಮರಗಳನ್ನು ಎಳೆಯ ವಯಸ್ಸಿನಲ್ಲಿಯೇ ಕಡಿಯುವುದು ಹೆಚ್ಚೆಂದು 2003ರಲ್ಲಿ ತೋರಿಸಿದರು. ಹಕ್ಕಿಯನ್ನು ಕಾಪಾಡಲು ಮಾಡಿದ ಶಾಸನವೇ ಹಕ್ಕಿಯ ಮುಂದಿನ ಮನೆಗಳನ್ನು ಕೊಡಲಿಗೆ ಒಪ್ಪಿಸಿತು. ಆ ಒಡೆಯರನ್ನು ದುಷ್ಟರೆಂದು ಬೈಯುವುದು ಸುಲಭ. ಅವರಿಗೆ ಹಕ್ಕಿಯಲ್ಲಿ ದ್ವೇಷವಿರಲಿಲ್ಲ. ಹಕ್ಕಿಯ ಹಿಂದೆ ಬರುವ ಅಧಿಕಾರಿಯಲ್ಲಿ ಭಯವಿತ್ತು.

ಇದನ್ನರಿತು 1995ರಲ್ಲಿ ಅದೇ ಸಂಸ್ಥಾನದ ಮರಳುಗುಡ್ಡಗಳ ಸೀಮೆಯಲ್ಲಿ ಬೇರೊಂದು ಬಗೆಯ ಒಡಂಬಡಿಕೆಯನ್ನು ಆರಂಭಿಸಿದರು. ಇಂದು ಇರುವಷ್ಟು ಹಕ್ಕಿಗಳ ನೆಲೆಯನ್ನು ಒಡೆಯನು ಉಳಿಸತಕ್ಕದ್ದು. ಅವನು ಮನಸ್ಸಿಟ್ಟು ನೆಲವನ್ನು ಸುಧಾರಿಸಿದ್ದರಿಂದ ಹಕ್ಕಿಗಳು ಹೆಚ್ಚಿದರೆ, ಆ ಹೆಚ್ಚಳದ ಕಾರಣವಾಗಿ ಅವನ ಮೇಲೆ ಹೊಸ ನಿರ್ಬಂಧವನ್ನು ಹೊರಿಸುವುದಿಲ್ಲ. ಇಷ್ಟೇ ಕರಾರು. ಇದರಲ್ಲಿ ದೊಡ್ಡ ಹಣದ ಮಾತಿಲ್ಲ, ಅಭಯದ ಮಾತಿದೆ. ಅನೇಕ ಒಡೆಯರು ಮುಂದೆ ಬಂದು ಮರಗಳನ್ನು ಮುದಿಯಾಗಲು ಬಿಟ್ಟರು. 2024ರಲ್ಲಿ ಅಲ್ಲಿಯ ಸರ್ಕಾರವು ಆ ಹಕ್ಕಿಯನ್ನು ಅತ್ಯಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿತು. ಆ ಏಳಿಗೆಗೆ ಸರ್ಕಾರದ ಮತ್ತು ಸೈನ್ಯದ ಕಾಡುಗಳಲ್ಲಿ ನಡೆದ ಶ್ರಮವೂ ಕಾರಣ. ಆದರೂ ಖಾಸಗಿ ತೋಪುಗಳ ಪಾಲನ್ನು ಅಲ್ಲಗಳೆಯುವಂತಿಲ್ಲ.

ದಂಡವಿಲ್ಲದೆ ಧರ್ಮದಿಂದಲೇ ಇದನ್ನೆಲ್ಲ ಸಾಧಿಸಬಹುದಲ್ಲವೆ ಎಂದು ಕೇಳಬಹುದು. ಗೃಹಸ್ಥನಿಗೆ ವಿಧಿಸಿರುವ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತಾನು ಉಣ್ಣುವ ಮೊದಲು ಪ್ರಾಣಿಪಕ್ಷಿಗಳಿಗೆ ಒಂದು ಪಾಲನ್ನು ತೆಗೆದಿಡಬೇಕೆಂಬುದು ಅದರ ಸಾರ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳಿವೆ. ಶೃಂಗೇರಿಯ ಮಠದ ಮುಂದೆ ತುಂಗೆಯ ಮೀನುಗಳಿಗೆ ಬಲೆಯ ಭಯವಿಲ್ಲ. ಇವೆಲ್ಲ ನಿಜ. ಆದರೆ ದೇವರಕಾಡಿನ ಒಡೆಯ ದೇವರು. ಅಲ್ಲಿ ಕೊಡಲಿಯನ್ನು ತಡೆದವನು ತನ್ನ ಮನೆಯ ಗಂಟನ್ನು ಬಿಚ್ಚಲಿಲ್ಲ. ಭೂತಯಜ್ಞದ ಬಲಿಯಾದರೂ ಒಂದು ತುತ್ತು. ಹುಣಿಸೆಯ ಫಸಲು ಕೆಲವು ಮನೆಗಳಲ್ಲಿ ಒಂದು ವರ್ಷದ ಸಾಲದ ಬಡ್ಡಿ. ತುತ್ತಿನ ಧರ್ಮವನ್ನು ತೋರಿಸಿ ಫಸಲನ್ನೇ ಕೇಳುವುದು ನ್ಯಾಯವಲ್ಲ; ಅದರಲ್ಲಿಯೂ, ಕೇಳುವವನು ಏನನ್ನೂ ಕಳೆದುಕೊಳ್ಳದವನಾಗಿರುವಾಗ ಆ ಉಪದೇಶಕ್ಕೆ ತೂಕವೇ ಇರುವುದಿಲ್ಲ.

ಹಾಗಿರುವುದರಿಂದ ಉಳಿದ ಮಾರ್ಗ, ನಷ್ಟವನ್ನು ಹಂಚಿಕೊಳ್ಳುವುದು. ಕೊಕ್ಕರೆ ಬೆಳ್ಳೂರಿನಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಇದು ಮೊದಲಾಯಿತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಗ್ರಾಮದ ಪಕ್ಷಿಗಳ ವಿಷಯವನ್ನು ಹೊರಜಗತ್ತಿಗೆ ತಿಳಿಸಿದರು. ಗೂಡುಳ್ಳ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡೂ ನಡೆಯಿತು. ಮೊಬಲಗು ಸಾಲದೆಂಬ ದೂರು ಅಂದಿನಿಂದಲೂ ಇದೆ. ಅದನ್ನು ದುರಾಸೆಯೆಂದು ತಳ್ಳಿಹಾಕುವುದು ತಪ್ಪು. ಪರಿಹಾರವೆಂಬ ಹೆಸರಿಟ್ಟ ಮೇಲೆ ಅದು ನಷ್ಟಕ್ಕೆ ಸಮನಾಗಿರಬೇಕೆಂದು ಕೇಳುವುದು ಸಹಜ; ಸಮನಾಗಿಲ್ಲವೆಂದ ಮೇಲೆ ಹೆಸರನ್ನಾದರೂ ಬದಲಾಯಿಸಬೇಕು.

ಹೆಸರಿನ ಮಾತು ಇಲ್ಲಿ ಕ್ಷುಲ್ಲಕವಲ್ಲ. ಕನ್ನಡನಾಡಿನ ಶಾಸನಗಳಲ್ಲಿ ‘ಕಟ್ಟುಗೊಡಗೆ’, ‘ಕೆರೆಗೊಡಗಿ’ ಎಂಬ ಪದಗಳು ಮತ್ತೆಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಆ ಕೆರೆಯ ಕೆಳಗೇ ಗದ್ದೆಯನ್ನು ಮಾನ್ಯವಾಗಿ ಬಿಡುತ್ತಿದ್ದರು. ಅದು ಕೂಲಿಯಲ್ಲ, ಭಿಕ್ಷೆಯೂ ಅಲ್ಲ. ಊರಿಗೆ ಉಪಕಾರ ಮಾಡಿದವನ ಹೆಸರನ್ನು ಕಲ್ಲಿನ ಮೇಲೆ ಬರೆದು, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂತೆ ಕೊಟ್ಟ ಗೌರವ. ಕೆರೆ ತುಂಬಿದರೆ ಅವನ ಗದ್ದೆಯೂ ಬೆಳೆಯಿತು. ಕೆರೆ ಒಡೆದರೆ ಅವನ ಗದ್ದೆಯೂ ಒಣಗಿತು. ಕೊಟ್ಟವರ ಹಿತವೂ ಪಡೆದವನ ಹಿತವೂ ಒಂದೇ ಏರಿಯ ಮೇಲೆ ನಿಂತಿದ್ದವು. ಹಣ ಪಡೆದರೆ ಪುಣ್ಯ ಕೆಡುವುದೆಂದು ಶಂಕಿಸುವವರು ಈ ಪದ್ಧತಿಯನ್ನು ನೆನೆಯಬೇಕು. ಕೊಡಗಿ ಪಡೆದು ಕೆರೆಯನ್ನು ಕಾದವನಿಗೆ ಪುಣ್ಯವಿಲ್ಲವೆಂದು ಯಾವ ಊರಿನವರೂ ಹೇಳಿದಂತಿಲ್ಲ.

ಆದರೂ ಈ ಶಂಕೆಗೆ ಬುಡವಿಲ್ಲದಿಲ್ಲ. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಸತ್ವಗುಂದಿದ ಜಮೀನೊಂದನ್ನು 1935ರಲ್ಲಿ ಕೊಂಡು, ಸಾವಿರಾರು ಪೈನ್ ಸಸಿಗಳನ್ನು ನೆಟ್ಟು, 1948ರಲ್ಲಿ ನೆರೆಯವನ ಹುಲ್ಲಿಗೆ ಬಿದ್ದ ಬೆಂಕಿಯನ್ನು ಆರಿಸಹೋಗಿ ಅಲ್ಲಿಯೇ ತೀರಿಕೊಂಡ ಆಲ್ಡೊ ಲಿಯೋಪೋಲ್ಡ್ ಎಂಬ ಪಂಡಿತನು ಇದನ್ನು ಬಹುವಾಗಿ ಯೋಚಿಸಿದ್ದನು. ಮೊದಲು, 1930ರ ದಶಕದಲ್ಲಿ, ಸಾರ್ವಜನಿಕ ಹಿತವನ್ನು ಕಾಯುವ ಭೂಮಾಲಿಕನಿಗೆ ಪ್ರತಿಫಲ ಕೊಡುವುದೇ ದಾರಿಯೆಂದು ಅವನು ವಾದಿಸಿದನು. ಆ ಬಳಿಕ, 1937ರ ಒಂದು ಶಾಸನದ ಪ್ರಕಾರ ಅಲ್ಲಿಯ ರೈತರು ತಮ್ಮ ಮಣ್ಣಿನ ರಕ್ಷಣೆಗೆ ತಾವೇ ನಿಯಮಗಳನ್ನು ಮಾಡಿಕೊಳ್ಳುವ ಅಧಿಕಾರ ಪಡೆದರೂ, ಹತ್ತು ವರ್ಷ ಕಳೆದರೂ ಒಂದು ನಿಯಮವನ್ನೂ ಬರೆದುಕೊಳ್ಳಲಿಲ್ಲವೆಂಬುದನ್ನು ಕಂಡನು. ಲಾಭ ಬರುವ ಕೆಲಸವನ್ನು ಮಾತ್ರ ಅವರು ಉಳಿಸಿಕೊಂಡರು. ಊರಿಗೆ ಹಿತವಾಗಿ ತಮಗೆ ಲಾಭವಿಲ್ಲದ್ದನ್ನು ಬಿಟ್ಟರು. ನೆಲದೊಡನೆ ಮನುಷ್ಯನ ಸಂಬಂಧವು ಬರಿಯ ಲೆಕ್ಕದ ಸಂಬಂಧವಾಗಿರುವವರೆಗೆ ಯಾವ ಸಹಾಯಧನವೂ ಸಾಲದೆಂಬ ನಿರ್ಣಯಕ್ಕೆ ಅವನು ಬಂದನು. ಅವನ ನಿಧನಾನಂತರ 1949ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ವಿಚಾರವಿದೆ.

ಈ ಎರಡು ಮಾತುಗಳಲ್ಲಿ ವಿರೋಧವಿದೆಯೆಂದು ತೋರುತ್ತದೆ. ಬೆಳ್ಳೂರಿನ ಅನುಭವವನ್ನು ನೋಡಿದರೆ ಅಷ್ಟು ವಿರೋಧವಿಲ್ಲ. ಪರಿಹಾರದ ಹಣ ಬರುವುದಕ್ಕೆ ತಲೆಮಾರುಗಳ ಮುಂಚಿನಿಂದ ಅಲ್ಲಿ ಹಕ್ಕಿಗಳಿದ್ದವು. ವಾತ್ಸಲ್ಯ ಮೊದಲು, ಹಣ ಆಮೇಲೆ. ಹಣವು ವಾತ್ಸಲ್ಯವನ್ನು ಹುಟ್ಟಿಸಲಿಲ್ಲ. ಕಷ್ಟಕಾಲದಲ್ಲಿ ಅದು ಸೋಲದಂತೆ ಒಂದು ಊರೆಗೋಲಾಯಿತು. 1994ರಲ್ಲಿ ಊರ ತರುಣರು ಮೈಸೂರಿನ ಪಕ್ಷಿಪ್ರಿಯರ ನೆರವಿನಿಂದ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ ಸಾಕಿ ಹಾರಿಬಿಡತೊಡಗಿದರು. ಆ ಕೆಲಸದ ಬೆಲೆಯನ್ನು ಯಾವ ದರಪಟ್ಟಿಯಲ್ಲಿಯೂ ಕಾಣಲಾಗದು.

ಇಲ್ಲಿ ಇನ್ನೊಂದು ತೊಡಕಿದೆ. ವನ್ಯಜೀವಿ ಶಾಸನಕ್ಕೆ 2002ರಲ್ಲಿ ಆದ ತಿದ್ದುಪಡಿಯಿಂದ, ಸಮುದಾಯವಾಗಲಿ ಒಬ್ಬ ವ್ಯಕ್ತಿಯಾಗಲಿ ತಾನಾಗಿ ಮುಂದೆ ಬಂದಲ್ಲಿ ಖಾಸಗಿ ನೆಲವನ್ನೂ ‘ಸಮುದಾಯ ಮೀಸಲು’ ಎಂದು ಘೋಷಿಸಲು ಅವಕಾಶವಾಯಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಅಂಥ ಮೀಸಲಾಯಿತು. ಒಪ್ಪುವುದು ಸ್ವಂತ ಇಚ್ಛೆಯಿಂದ. ಒಪ್ಪಿದ ಮೇಲೆ ನೆಲದ ಉಪಯೋಗವನ್ನು ಬದಲಾಯಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ಸರ್ಕಾರದ ಸಮ್ಮತಿಯೂ ಬೇಕು. ತಂದೆಯ ಔದಾರ್ಯವು ಮಗನಿಗೆ ಕಟ್ಟಳೆಯಾಗುತ್ತದೆ. ಕೊಡಗಿಯಲ್ಲಿ ಮಗನಿಗೆ ಗದ್ದೆ ಬರುತ್ತಿತ್ತು. ಇಲ್ಲಿ ನಿರ್ಬಂಧ ಬರುತ್ತದೆ, ಅದರ ಜೊತೆಗೆ ಬರಬೇಕಾದುದು ಏನೆಂಬುದು ಸ್ಪಷ್ಟವಾಗಿಲ್ಲ. ಮೀಸಲು ಕೂಡದೆಂದು ಇದರ ಅರ್ಥವಲ್ಲ. ಒಪ್ಪಿದವನಿಗೆ ಅಭಯವನ್ನೂ ಮಾನ್ಯವನ್ನೂ ಒಂದೇ ಓಲೆಯಲ್ಲಿ ಬರೆದುಕೊಟ್ಟಿದ್ದರೆ ಹೊಸ ಹುಣಿಸೆ ಸಸಿಯನ್ನು ನೆಡುವ ಕೈಗೆ ಧೈರ್ಯ ಹೆಚ್ಚಾಗುತ್ತಿತ್ತು. ಇಂದು ನೆಟ್ಟ ಸಸಿ ಹೆಜ್ಜಾರ್ಲೆಯ ಭಾರವನ್ನು ಹೊರಬೇಕಾದರೆ ದಶಕಗಳೇ ಬೇಕು. ಅಷ್ಟು ದೀರ್ಘಕಾಲದ ಮಾತನ್ನು ವರ್ಷವರ್ಷದ ಮಂಜೂರಾತಿಯಿಂದ ನಡಸುವುದು ಕಷ್ಟ.

ಮರದ ವಿಷಯವೇ ಇಷ್ಟಾದರೆ ನೀರಿನದು ಇನ್ನೂ ತೊಡಕಾದುದು. ಹೆಜ್ಜಾರ್ಲೆ ಮಲಗುವುದು ಬೆಳ್ಳೂರಿನಲ್ಲಿ. ಉಣ್ಣುವುದು ಸುತ್ತಣ ಕೆರೆಗಳಲ್ಲಿಯೂ ನದಿಯ ಮಡುಗಳಲ್ಲಿಯೂ. ಮೀನು ಮರಿಮಾಡಲು ಕೆರೆಯ ಅಂಚಿನಲ್ಲಿ ಜೊಂಡಿರಬೇಕು, ಆಳವಿಲ್ಲದ ನೀರಿರಬೇಕು, ಮೊದಲ ಮಳೆಯಲ್ಲಿ ಕೋಡಿಯಿಂದ ಕಾಲುವೆಗೂ ಕಾಲುವೆಯಿಂದ ಗದ್ದೆಗೂ ದಾರಿಯಿರಬೇಕು. ಮಲೆನಾಡಿನಲ್ಲಿ ಹೊಸನೀರಿಗೆ ಎದುರಾಗಿ ಗದ್ದೆಗೆ ಏರಿಬರುವ ಹತ್ತುಮೀನನ್ನು ಎಲ್ಲರೂ ಬಲ್ಲರು. ಮೊಟ್ಟೆ ಇಡಲು ಬಂದ ಆ ಮೀನನ್ನು ಅಲ್ಲಿಯೇ ಕತ್ತಿಯಿಂದ ಕಡಿಯುವ ಉತ್ಸಾಹವನ್ನೂ ಬಲ್ಲರು. ಗದ್ದೆಯ ಒಡೆಯನು ಆ ನಾಲ್ಕಾರು ರಾತ್ರಿ ಕತ್ತಿಯನ್ನು ಹೊರಗೆ ತೆಗೆಯದೆ, ನೀರು ಹರಿಯುವ ಬಾಯನ್ನು ಮುಚ್ಚದೆ, ಆ ವಾರ ಗದ್ದೆಗೆ ವಿಷದ ಔಷಧವನ್ನು ಸಿಂಪಡಿಸದೆ ಇದ್ದರೆ, ಒಂದು ಕಾಸಿನ ಖರ್ಚಿಲ್ಲದೆ ಹಳ್ಳದ ಮೀನಿನ ಸಂತತಿಗೆ ಮಾಡುವ ಉಪಕಾರ ದೊಡ್ಡದು. ಇಲ್ಲಿ ಪರಿಹಾರದ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಇದು ನಿಜವಾಗಿಯೂ ತುತ್ತಿನ ಧರ್ಮ, ಇದನ್ನು ಧಾರಾಳವಾಗಿ ಕೇಳಬಹುದು.

ಬಯಲುಸೀಮೆಯ ಕೆರೆಯಲ್ಲಿ ಹಾಗಲ್ಲ. ಅಲ್ಲಿ ಮೀನಿನ ಹಕ್ಕು ಹರಾಜಾಗುತ್ತದೆ. ಹಕ್ಕು ಪಡೆದವನು ಸಾಲ ಮಾಡಿ ಮರಿಗಳನ್ನು ಬಿಟ್ಟಿರುತ್ತಾನೆ. ಹೆಜ್ಜಾರ್ಲೆಯ ಚೀಲದಂಥ ಕೊಕ್ಕು ಅವನ ಕಣ್ಣಿಗೆ ಸುಂದರವಾಗಿ ಕಾಣಬೇಕೆಂದು ನಿರೀಕ್ಷಿಸುವುದು ಹೇಗೆ? 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತು ಬಿದ್ದಾಗ, ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ಇಂಥ ಹುಳುಗಳು ಹಕ್ಕಿಗೆ ತಗಲುವುದು ಅದು ತಿನ್ನುವ ಮೀನಿನ ಮೂಲಕ. ಮರದ ಒಡೆಯರು ತಮ್ಮ ಪಾಲನ್ನು ಸಲ್ಲಿಸಿದ್ದರು. ಕೆರೆಗೆ ಯಾರ ಊರಿನ ಯಾವ ಚರಂಡಿಯ ನೀರು ಸೇರುತ್ತದೆಂಬುದು ಅವರ ಕೈಯಲ್ಲಿರಲಿಲ್ಲ. ಮರಕ್ಕೆ ಪರಿಹಾರವನ್ನು ಲೆಕ್ಕಹಾಕಿದಂತೆ, ಹಕ್ಕಿ ತಿಂದ ಮೀನಿಗೂ ಕೆರೆಯ ಅಂಚಿನಲ್ಲಿ ಕೀಳದೆ ಬಿಟ್ಟ ಜೊಂಡಿಗೂ ಲೆಕ್ಕ ಹಾಕಬೇಕಾದ ದಿನ ಬರಬಹುದು. ಆಗ ಆ ಹಣವು ಹರಾಜು ಹಿಡಿದವನಿಗೆ ಸಲ್ಲಬೇಕೋ, ಕೆರೆಯ ಕೆಳಗಣ ಅಚ್ಚುಕಟ್ಟಿನ ರೈತರಿಗೋ, ಎಲ್ಲರಿಗೂ ಪಾಲಾಗಿಯೋ ಎಂಬುದನ್ನು ಆ ಊರುಗಳವರೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ.